ಅಂತರ್ಜಾಲದಲ್ಲಿ ಬಳಸಿದ ವಸ್ತುಗಳ ಖರೀದಿಯ ಅಪಾಯಗಳು

ಅಂತರ್ಜಾಲದಲ್ಲಿ ಬಳಸಿದ ವಸ್ತುಗಳ ಖರೀದಿಯ ಅಪಾಯಗಳು ಎಂದರೆ ಜಾಹೀರಾತು ತಾಣಗಳು ಅಥವಾ ಸಾಮಾಜಿಕ ಮಾಧ್ಯಮಗಳ ಮೂಲಕ ಅಪರಿಚಿತ ವ್ಯಕ್ತಿಗಳಿಂದ ಹಳೆಯ ವಸ್ತುಗಳನ್ನು ಕೊಳ್ಳುವವರಿಗೆ ಎದುರಾಗಬಹುದಾದ ಆರ್ಥಿಕ, ಕಾನೂನಾತ್ಮಕ ಹಾಗೂ ದೈಹಿಕ ಹಾನಿಯ ಸಾಧ್ಯತೆಗಳು. ಮೊಬೈಲ್ ಫೋನ್, ಲ್ಯಾಪ್‌ಟಾಪ್, ದ್ವಿಚಕ್ರ ವಾಹನ, ಕಾರು, ಪೀಠೋಪಕರಣ ಮತ್ತು ಗೃಹೋಪಯೋಗಿ ಯಂತ್ರಗಳು ಈ ವ್ಯಾಪಾರದಲ್ಲಿ ಹೆಚ್ಚಾಗಿ ಕೈಬದಲಾಗುತ್ತವೆ. ವಸ್ತು ಹಳೆಯದಾಗಿರುವುದು ಅಪಾಯದ ಒಂದು ಭಾಗ ಮಾತ್ರ. ವಸ್ತುವನ್ನು ಕಾಣುವ ಮೊದಲೇ ಹಣ ಕೈಬಿಡುವುದು, ಮಾರುವವರಿಗೆ ಆ ವಸ್ತುವಿನ ಮೇಲೆ ಹಕ್ಕಿದೆಯೇ ಎಂಬುದು ತಿಳಿಯದಿರುವುದು ಮತ್ತು ಖಾಸಗಿ ಮಾರಾಟಕ್ಕೆ ಕಾನೂನಿನ ರಕ್ಷಣೆ ಕಡಿಮೆ ಇರುವುದು ಅದಕ್ಕಿಂತ ದೊಡ್ಡ ಕಾರಣಗಳು. ಈ ಲೇಖನವು ಮುಖ್ಯವಾಗಿ ಭಾರತದ ಪರಿಸ್ಥಿತಿಯನ್ನು ಕುರಿತದ್ದಾಗಿದೆ.

ಹಿನ್ನೆಲೆ

ಹಳೆಯ ವಸ್ತುಗಳ ವ್ಯಾಪಾರ ಭಾರತಕ್ಕೆ ಹೊಸದಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು, ಚಿಕ್ಕಪೇಟೆಯ ಸುತ್ತ ವಾರಕ್ಕೊಮ್ಮೆ ನೆರೆಯುವ ಸಂಡೆ ಬಜಾರ್ ಹಾಗೂ ಊರೂರಿನ ಗುಜರಿ ಅಂಗಡಿಗಳು ಇದಕ್ಕೆ ಉದಾಹರಣೆಗಳು. ಅಲ್ಲಿಯೂ ಮೋಸವಿತ್ತು, ಕಳವಿನ ಮಾಲು ಇತ್ತು. ಆದರೆ ಕೊಳ್ಳುವವರು ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಹಣ ಕೊಡುತ್ತಿದ್ದರು ಮತ್ತು ಅಂಗಡಿಯವರು ಮರುದಿನವೂ ಅದೇ ಜಾಗದಲ್ಲಿ ಸಿಗುತ್ತಿದ್ದರು. ಅಂತರ್ಜಾಲದ ವ್ಯಾಪಾರದಲ್ಲಿ ಈ ಎರಡೂ ಖಾತರಿಗಳು ಇಲ್ಲವಾದವು.

ಅಮೆರಿಕದಲ್ಲಿ ಕ್ರೇಗ್ಸ್‌ಲಿಸ್ಟ್ ಮತ್ತು ಇಬೇ ಎರಡೂ 1995ರಲ್ಲಿ ಆರಂಭವಾದವು. ಇಬೇ ತಾಣದಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಅದು ಕೆಟ್ಟಿರುವ ವಿಷಯ ಗೊತ್ತಿದೆಯೇ ಎಂದು ತಾಣದ ಸ್ಥಾಪಕ ಪಿಯರ್ ಒಮಿಡ್ಯಾರ್ ಕೊಂಡವರನ್ನು ವಿಚಾರಿಸಿದಾಗ, ತಾವು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುವುದಾಗಿ ಅವರು ಉತ್ತರಿಸಿದರೆಂದು ಹೇಳಲಾಗುತ್ತದೆ. ದೋಷವನ್ನು ಮಾರುವವರೇ ಮುಂದಾಗಿ ತಿಳಿಸಿದ ಈ ಪ್ರಸಂಗವನ್ನು ಈ ವ್ಯಾಪಾರದ ಸಾಮಾನ್ಯ ರೀತಿಯೆಂದು ಭಾವಿಸಲಾಗದು. ಭಾರತದಲ್ಲಿ 2000ದಲ್ಲಿ ಆರಂಭವಾದ ಬಾಜೀ ತಾಣವನ್ನು ಇಬೇ 2004ರಲ್ಲಿ ಕೊಂಡಿತು. ಮುಂದೆ ಓಎಲ್‌ಎಕ್ಸ್, ಕ್ವಿಕರ್ ಹಾಗೂ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಜನಪ್ರಿಯವಾದವು. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಿಂದ ಅಪರಿಚಿತರಿಗೆ ಕ್ಷಣಮಾತ್ರದಲ್ಲಿ ಹಣ ಕಳುಹಿಸುವುದು ಸಾಧ್ಯವಾಯಿತು. ವಂಚನೆಯ ರೂಪವೂ ಅದಕ್ಕೆ ತಕ್ಕಂತೆ ಬದಲಾಯಿತು.

ಮಾಹಿತಿಯ ಅಸಮತೆ

ಬಳಸಿದ ವಸ್ತುವಿನ ದೋಷಗಳು ಮಾರುವವರಿಗೆ ತಿಳಿದಿರುತ್ತವೆ, ಕೊಳ್ಳುವವರಿಗೆ ತಿಳಿದಿರುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ನಿದರ್ಶನವಾಗಿಟ್ಟು ಇದರ ಪರಿಣಾಮವನ್ನು ವಿವರಿಸಿದರು. ಕೊಂಡ ಮೇಲೆ ದೋಷ ಹೊರಬೀಳುವ ಕಾರಿಗೆ ಅಮೆರಿಕದ ಆಡುಮಾತಿನಲ್ಲಿ ‘ಲೆಮನ್’ ಎನ್ನುತ್ತಾರೆ. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸಲಾಗದ ಗ್ರಾಹಕರು ಎರಡಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧರಿರುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯರು ಮಾರಲೊಪ್ಪದೆ ಹಿಂದೆ ಸರಿಯುತ್ತಾರೆ. ಕ್ರಮೇಣ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳ ಪಾಲು ಹೆಚ್ಚುತ್ತದೆ. ಮಾಹಿತಿಯ ಅಸಮತೆಯನ್ನು ಕುರಿತ ಅಧ್ಯಯನಕ್ಕಾಗಿ ಅಕರ್ಲಾಫ್ ಅವರು ಮೈಕೆಲ್ ಸ್ಪೆನ್ಸ್ ಹಾಗೂ ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ 2001ರ ನೊಬೆಲ್ ಪುರಸ್ಕಾರ ಪಡೆದರು.

ಕಣ್ಣಿಗೆ ಕಾಣದ ದೋಷಗಳು ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಹೆಲ್ಮೆಟ್ಟಿನ ಒಳಪದರದ ಗಟ್ಟಿ ಥರ್ಮಾಕೋಲು ಒಮ್ಮೆ ಪೆಟ್ಟು ತಾಳಿದರೆ ಕುಗ್ಗಿಹೋಗಿ, ಎರಡನೆಯ ಪೆಟ್ಟನ್ನು ಅದೇ ಮಟ್ಟಿಗೆ ಹೀರಿಕೊಳ್ಳಲಾರದು. ಹೊರಚಿಪ್ಪು ಮಾತ್ರ ಹೊಸದರಂತೆಯೇ ಹೊಳೆಯುತ್ತಿರಬಹುದು. ಆದ್ದರಿಂದ ಹೆಲ್ಮೆಟ್ಟನ್ನೂ ಮಕ್ಕಳಿಗಾಗಿ ಕಾರಿನಲ್ಲಿ ಅಳವಡಿಸುವ ಆಸನವನ್ನೂ ಅಪರಿಚಿತರಿಂದ ಕೊಳ್ಳದಿರುವುದೇ ಲೇಸು. ನೀರಿಗೆ ಬಿದ್ದು ಒಣಗಿಸಿದ ಫೋನು, ಉಬ್ಬಿದ ಲಿಥಿಯಂ ಬ್ಯಾಟರಿ, ತೆರೆದು ಮರುಜೋಡಿಸಿದ ಚಾರ್ಜರ್ ಇವು ಇದೇ ಬಗೆಯ ಅಪಾಯಗಳು. ವಿದ್ಯುತ್ ಸ್ಕೂಟರ್‌ನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ ಆಗಿರುವುದರಿಂದ, ಅದರ ಸವೆತವನ್ನು ಅಳೆಯದೆ ಕೊಳ್ಳುವುದು ಬೆಲೆಯನ್ನು ಊಹೆಯ ಮೇಲೆ ಕೊಟ್ಟಂತೆಯೇ ಸರಿ.

ಮುಂಗಡ ಹಣದ ವಂಚನೆ

ಈ ವ್ಯಾಪಾರದಲ್ಲಿ ಕಾಣುವ ಸರಳವಾದ ವಂಚನೆಯಲ್ಲಿ ವಸ್ತುವೇ ಇರುವುದಿಲ್ಲ. ಬೇರೊಂದು ಜಾಹೀರಾತಿನಿಂದ ತೆಗೆದ ಚಿತ್ರ, ಪೇಟೆಯ ದರಕ್ಕಿಂತ ಬಹಳ ಕಡಿಮೆ ಬೆಲೆ ಮತ್ತು ತುರ್ತು ಮಾರಾಟಕ್ಕೆ ನಂಬುವಂಥ ಒಂದು ಕಾರಣ ಇಷ್ಟೇ ಅದರ ಬಂಡವಾಳ. ಭಾರತದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಕಾರಣವೆಂದರೆ ಸೇನೆಯ ವರ್ಗಾವಣೆ. ಮಾರುವವನು ತಾನು ಸೈನಿಕನೆಂದೋ ವಿಮಾನ ನಿಲ್ದಾಣದ ಭದ್ರತಾ ಪಡೆಯವನೆಂದೋ ಹೇಳಿಕೊಳ್ಳುತ್ತಾನೆ. ದೂರದ ಊರಿಗೆ ವರ್ಗವಾಗಿರುವುದರಿಂದ ಬೈಕನ್ನು ಅಗ್ಗಕ್ಕೆ ಕೊಡುತ್ತಿರುವುದಾಗಿ ತಿಳಿಸುತ್ತಾನೆ. ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಸಮವಸ್ತ್ರದ ಭಾವಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬರುತ್ತವೆ. ಇವು ಸಾಮಾನ್ಯವಾಗಿ ನಕಲಿ. ಇಲ್ಲವೇ ಬೇರೊಬ್ಬ ನಿಜವಾದ ಯೋಧರದ್ದು. ದಂಡುಪ್ರದೇಶದೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಮಾತಿನಿಂದ ಭೇಟಿ ತಪ್ಪುತ್ತದೆ. ಆ ನಿಯಮ ನಿಜವಾಗಿಯೂ ಇರುವುದರಿಂದ ಮಾತು ನಂಬುವಂತೆಯೂ ಇರುತ್ತದೆ.

ನಂತರದ ಹಂತಗಳು ಬಹುಮಟ್ಟಿಗೆ ಒಂದೇ ರೀತಿ. ಮೊದಲು ಸಾಗಣೆಯ ವೆಚ್ಚವೆಂದು ಎರಡು ಮೂರು ಸಾವಿರ ರೂಪಾಯಿ ಕೇಳಲಾಗುತ್ತದೆ. ವಾಹನವನ್ನು ಪಾರ್ಸೆಲ್ ಕಟ್ಟಿದ ಚಿತ್ರವೊಂದು ಬರುತ್ತದೆ. ಮರುದಿನ ವಾಹನ ಊರಿನ ಹೊರವಲಯಕ್ಕೆ ಬಂದಿದೆ, ತೆರಿಗೆ ಕಟ್ಟಿದರೆ ಮನೆಗೆ ತಲುಪಿಸುತ್ತೇವೆ ಎಂಬ ಕರೆ. ಬಳಿಕ ಮರಳಿ ಸಿಗುವ ಠೇವಣಿ ಎಂಬ ಹೆಸರಿನಲ್ಲಿ ಇನ್ನೊಂದು ಮೊತ್ತ. ಹಿಂದೆ ಕೊಟ್ಟ ಹಣ ಮುಳುಗಬಾರದೆಂಬ ಆಸೆಯೇ ಮುಂದಿನ ಪಾವತಿಗೆ ಪ್ರೇರಣೆಯಾಗುವುದರಿಂದ, ಮೊದಲ ಕಂತು ಚಿಕ್ಕದಾಗಿರುವುದು ಈ ತಂತ್ರದ ತಿರುಳು.

ಹಣ ಹಿಂದಿರುಗಿಸುವ ನೆಪದಲ್ಲಿ ಕ್ಯುಆರ್ ಸಂಕೇತ ಕಳುಹಿಸುವುದು ಇದರ ಮುಂದುವರಿಕೆ. ಯುಪಿಐ ವ್ಯವಸ್ಥೆಯಲ್ಲಿ ಹಣ ಪಡೆಯಲು ಸಂಕೇತವನ್ನು ಸ್ಕ್ಯಾನ್ ಮಾಡುವ ಅಥವಾ ಪಿನ್ ಒತ್ತುವ ಅಗತ್ಯವಿಲ್ಲ. ಹಣದ ವಿಷಯದಲ್ಲಿ ಪಿನ್ ಕೇಳುವುದು ಖಾತೆಯಿಂದ ಹೊರಗೆ ಕಳುಹಿಸುವಾಗ ಮಾತ್ರ. ಈ ಒಂದು ಸಂಗತಿ ತಿಳಿಯದೆ ಹಣ ಕಳೆದುಕೊಂಡವರಲ್ಲಿ ವಿದ್ಯಾವಂತರೂ ಇದ್ದಾರೆ. ಹಣ ಕೋರಿ ಕಳುಹಿಸುವ ಸೌಲಭ್ಯವೂ ಇದೇ ರೀತಿ ದುರ್ಬಳಕೆಯಾದ್ದರಿಂದ, ವ್ಯಕ್ತಿಗಳ ನಡುವೆ ಅದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಬ್ಯಾಂಕುಗಳಿಗೆ ಸೂಚಿಸಿತು.

ಇಂಥ ವಂಚನೆಗಳು ಸಂಘಟಿತ ರೂಪದಲ್ಲಿಯೂ ನಡೆಯುತ್ತವೆ. ಹರಿಯಾಣ ಮತ್ತು ರಾಜಸ್ಥಾನದ ಗಡಿಭಾಗದ ಮೇವಾತ್ ಪ್ರದೇಶದಿಂದ ನಡೆಯುತ್ತಿದ್ದ ಸೈಬರ್ ವಂಚನೆಗಳ ಸಂಬಂಧ 2023ರ ಏಪ್ರಿಲ್‌ನಲ್ಲಿ ಹರಿಯಾಣ ಪೊಲೀಸರು ನೂಹ್ ಜಿಲ್ಲೆಯ 14 ಗ್ರಾಮಗಳ ಮೇಲೆ ಏಕಕಾಲಕ್ಕೆ ದಾಳಿ ನಡೆಸಿದರು. ಹಣ ಹೋಗುವುದು ಸಾಮಾನ್ಯವಾಗಿ ಬೇರೆಯವರ ಹೆಸರಿನ ಬಾಡಿಗೆ ಖಾತೆಗಳಿಗೆ. ಆದ್ದರಿಂದ ಪಾವತಿಯ ಪರದೆಯಲ್ಲಿ ಕಾಣುವ ಹೆಸರು ಜಾಹೀರಾತಿನ ಹೆಸರಿಗೆ ಹೊಂದದಿರುವುದು ಒಂದು ಮುಖ್ಯ ಸುಳಿವು.

ಕಳವಿನ ವಸ್ತು ಮತ್ತು ಒಡೆತನ

ವಸ್ತು ಕೈಸೇರಿ, ಅದು ಸರಿಯಾಗಿ ಕೆಲಸ ಮಾಡುತ್ತಿದ್ದರೂ ಅಪಾಯ ಮುಗಿದಂತಲ್ಲ. 1930ರ ಸರಕು ಮಾರಾಟ ಕಾಯ್ದೆಯ 27ನೆಯ ಕಲಮಿನ ಪ್ರಕಾರ, ಮಾರುವವರಿಗೆ ಇರುವುದಕ್ಕಿಂತ ಹೆಚ್ಚಿನ ಹಕ್ಕು ಕೊಳ್ಳುವವರಿಗೆ ಸಾಮಾನ್ಯವಾಗಿ ದೊರೆಯದು. ಕಳ್ಳನಿಗೆ ಒಡೆತನವಿಲ್ಲ, ಅವನಿಂದ ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೂ ಇಲ್ಲ. ಪೊಲೀಸರು ಅಂಥ ಫೋನನ್ನು ಮುದ್ದೆಮಾಲಾಗಿ ವಶಪಡಿಸಿಕೊಂಡಾಗ, ಅದು ನ್ಯಾಯಾಲಯದ ಮೂಲಕ ಮೂಲ ಒಡೆಯರನ್ನು ಸೇರುತ್ತದೆ. ಕೊಂಡವರಿಗೆ ಉಳಿಯುವುದು ಮಾರಿದವನಿಂದ ಹಣ ವಸೂಲು ಮಾಡುವ ಹಕ್ಕು ಮಾತ್ರ. ಅವನು ಸಿಕ್ಕರೆ ಆ ಹಕ್ಕಿಗೆ ಬೆಲೆ.

ಇದಕ್ಕೆ ಅಪವಾದಗಳಿವೆ. ಮಾರುವವನು ವಸ್ತುವನ್ನು ಕದಿಯದೆ, ಮೂಲ ಒಡೆಯರಿಗೆ ಮೋಸಮಾಡಿ ಒಪ್ಪಂದದ ಮೂಲಕ ಪಡೆದಿದ್ದರೆ, ಆ ಒಪ್ಪಂದ ರದ್ದಾಗುವ ಮೊದಲು ಪ್ರಾಮಾಣಿಕವಾಗಿ, ದೋಷವನ್ನರಿಯದೆ ಕೊಂಡವರಿಗೆ 29ನೆಯ ಕಲಮು ಪೂರ್ಣ ಒಡೆತನ ನೀಡುತ್ತದೆ. ಕಳವು ಮತ್ತು ಮೋಸ ಎರಡೂ ಅಪರಾಧಗಳೇ ಆದರೂ, ಮೂರನೆಯವರ ಪಾಲಿಗೆ ಅವುಗಳ ಫಲ ಹೀಗೆ ಬೇರೆಯಾಗುತ್ತದೆ.

ಕದ್ದ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದು ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಶಿಕ್ಷಾರ್ಹ. ಫೋನು, ಕಂಪ್ಯೂಟರುಗಳ ಬಗ್ಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಬಿ ಕಲಮು ಪ್ರತ್ಯೇಕವಾಗಿ ಮೂರು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ‘ನಂಬಲು ಕಾರಣ’ ಎಂಬ ಮಾತಿನಿಂದಾಗಿ ಬಿಲ್ಲು, ಡಬ್ಬಿ ಯಾವುದೂ ಇಲ್ಲದೆ ತೀರ ಅಗ್ಗಕ್ಕೆ ಸಿಕ್ಕ ಫೋನಿನ ಖರೀದಿದಾರರು ತನಿಖೆಯ ವೇಳೆ ತಮ್ಮ ಪ್ರಾಮಾಣಿಕತೆಯನ್ನು ವಿವರಿಸಬೇಕಾದ ಇಕ್ಕಟ್ಟಿಗೆ ಸಿಲುಕಬಹುದು.

ಪ್ರತಿ ಮೊಬೈಲ್ ಫೋನಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. *#06# ಒತ್ತಿದರೆ ಅದು ಪರದೆಯಲ್ಲಿ ಕಾಣುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ಜಾಲತಾಣದಲ್ಲಿ ಈ ಸಂಖ್ಯೆಯನ್ನು ನಮೂದಿಸಿ ಫೋನಿನ ಸ್ಥಿತಿಯನ್ನು ತಿಳಿಯಬಹುದು. ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳ ಮುಂದೆ ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಸಂದೇಶ ಕಳುಹಿಸಿಯೂ ಇದನ್ನು ಪರಿಶೀಲಿಸಬಹುದು. ಈ ಪರಿಶೀಲನೆಗೆ ಒಂದು ಮಿತಿಯಿದೆ: ಒಡೆಯರು ದೂರು ನೀಡಿ ಸಂಖ್ಯೆಯನ್ನು ತಡೆಹಿಡಿಸುವವರೆಗೆ ಕಳವಾದ ಫೋನೂ ಕಳಂಕವಿಲ್ಲದ್ದೆಂದೇ ತೋರುತ್ತದೆ. ಐಎಂಇಐಯನ್ನು ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಂತೆ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ 50 ಲಕ್ಷ ರೂಪಾಯಿಯವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಇದಲ್ಲದೆ, ಹಿಂದಿನ ಒಡೆಯರ ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ತೆಗೆಯದ ಫೋನು, ಅಳಿಸಿ ಹೊಸದಾಗಿ ಹೊಂದಿಸಲು ಹೊರಟಾಗ ಆ ಖಾತೆಯ ಗುಪ್ತಪದವನ್ನೇ ಕೇಳುತ್ತದೆ. ಆದ್ದರಿಂದ ಹಣ ಕೊಡುವ ಮೊದಲು ಫೋನನ್ನು ಮಾರುವವರ ಕೈಯಿಂದಲೇ ಅಳಿಸಿ ತೆರೆಸುವ ರೂಢಿ ಇದೆ.

ವಾಹನಗಳು

ವಾಹನದ ಒಡೆತನ ಬದಲಾವಣೆಗೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ 29 ಮತ್ತು 30ನೆಯ ನಮೂನೆಗಳನ್ನು ಸಲ್ಲಿಸಬೇಕು. ವಾಹನದ ಮೇಲೆ ಸಾಲವಿದ್ದರೆ ನೋಂದಣಿ ಪತ್ರದಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರಿರುತ್ತದೆ; ಸಾಲ ತೀರಿದ ಮೇಲೆ 35ನೆಯ ನಮೂನೆಯ ಮೂಲಕ ಆ ನಮೂದನ್ನು ತೆಗೆಸಬೇಕು. ಇದನ್ನು ಗಮನಿಸದೆ ಕೊಂಡವರ ವಾಹನವನ್ನು ಸಾಲ ಕೊಟ್ಟವರು ಜಪ್ತಿ ಮಾಡುವ ಸಂಭವವಿದೆ. ಬಾಕಿ ಇರುವ ಸಂಚಾರ ದಂಡಗಳನ್ನೂ ನೋಡಿಕೊಳ್ಳಬೇಕಾಗುತ್ತದೆ. ಚಾಸಿ ಹಾಗೂ ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡಲು ವಾಹನದ ಬಳಿಗೇ ಹೋಗಬೇಕು, ಚಿತ್ರದಿಂದ ಇದು ಆಗದು. ಮಾರುವವರಿಗೂ ಅಪಾಯ ಇಲ್ಲದಿಲ್ಲ: ನೋಂದಣಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಒಡೆಯರದೇ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಗ್ರಾಹಕ ರಕ್ಷಣೆಯ ಮಿತಿ

2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳು, ವೃತ್ತಿಯಾಗಿ ಅಥವಾ ನಿಯತವಾಗಿ ವ್ಯಾಪಾರ ಮಾಡದೆ ಸ್ವಂತ ವಸ್ತುವನ್ನು ಮಾರುವ ವ್ಯಕ್ತಿಗೆ ಅನ್ವಯಿಸುವುದಿಲ್ಲ. ಅಂಗಡಿಗಳ ಮೇಲೆ ಹೂಡುವಂಥ ಗ್ರಾಹಕ ದೂರನ್ನು ಇಂಥವರ ಮೇಲೆ ಹೂಡುವುದು ಕಷ್ಟ. ಜಾಹೀರಾತು ತಾಣಗಳು ತಾವು ಕೇವಲ ಮಧ್ಯವರ್ತಿಗಳೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಮಿನ ಆಸರೆ ಪಡೆಯುತ್ತವೆ. ಸರಕು ಮಾರಾಟ ಕಾಯ್ದೆಯಲ್ಲಿಯೂ ಗುಣಮಟ್ಟದ ಖಾತರಿ ಮುಖ್ಯವಾಗಿ ಆ ಬಗೆಯ ಸರಕಿನ ವ್ಯಾಪಾರಿಗಳಿಗೆ ಸಂಬಂಧಿಸಿದ್ದು. ಉಳಿದಂತೆ ಕೊಳ್ಳುವವರೇ ಎಚ್ಚರದಿಂದಿರಬೇಕೆಂಬುದು ತತ್ತ್ವ.

ಆದರೂ ಅದೇ ಕಾಯ್ದೆಯ 15ನೆಯ ಕಲಮು ಒಂದು ಆಧಾರ ಒದಗಿಸುತ್ತದೆ. ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಿಕೊಳ್ಳಬೇಕು ಎಂಬ ಈ ನಿಯಮವು ವ್ಯಾಪಾರಿಗಳಿಗೆ ಸೀಮಿತವಾಗಿಲ್ಲ. ಮಾರಾಟವಾದ ಬಳಿಕ ಜಾಹೀರಾತನ್ನು ಅಳಿಸಿಬಿಡುವುದು ಸಾಮಾನ್ಯವಾದ್ದರಿಂದ, ಅದರ ಹಾಗೂ ಮಾತುಕತೆಯ ಪರದೆಚಿತ್ರಗಳನ್ನು ಮೊದಲೇ ತೆಗೆದಿಟ್ಟುಕೊಂಡವರಿಗೆ ಮಾತ್ರ ಇದರ ಪ್ರಯೋಜನ ಸಿಗುತ್ತದೆ.

ಬ್ಯಾಂಕಿನ ವಿಷಯದಲ್ಲಿಯೂ ಹೀಗೆಯೇ. ಅನಧಿಕೃತ ವಹಿವಾಟುಗಳಲ್ಲಿ ಗ್ರಾಹಕರ ಹೊಣೆಯನ್ನು ಸೀಮಿತಗೊಳಿಸುವ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮಗಳ ರಕ್ಷಣೆ, ಗ್ರಾಹಕರೇ ಪಿನ್ ಒತ್ತಿ ಕಳುಹಿಸಿದ ಹಣಕ್ಕೆ ಸಾಮಾನ್ಯವಾಗಿ ದೊರೆಯುವುದಿಲ್ಲ.

ಮುಖಾಮುಖಿ ಭೇಟಿ

ವಸ್ತುವನ್ನು ಕಂಡು ಹಣ ಕೊಡುವುದು ಮೇಲಿನ ಅನೇಕ ವಂಚನೆಗಳನ್ನು ತಪ್ಪಿಸುತ್ತದೆ. ಆದರೆ ಹೆಚ್ಚಿನ ನಗದು ಹಿಡಿದು ಅಪರಿಚಿತರನ್ನು ಕಾಣಲು ಹೋಗುವುದು ದರೋಡೆಗೆ ಎಡೆಮಾಡಬಹುದು. ಅಮೆರಿಕದ ಹಲವು ಪೊಲೀಸ್ ಠಾಣೆಗಳು ಇದಕ್ಕೆಂದೇ ತಮ್ಮ ಆವರಣದಲ್ಲಿ ಕ್ಯಾಮೆರಾ ಕಣ್ಗಾವಲಿನ ಜಾಗಗಳನ್ನು ಮೀಸಲಿಟ್ಟಿವೆ. ಭಾರತದಲ್ಲಿ ಜನಸಂಚಾರವಿರುವ ಮೆಟ್ರೋ ನಿಲ್ದಾಣ, ಹೋಟೆಲು, ಬ್ಯಾಂಕಿನ ಶಾಖೆಗಳ ಮುಂದೆ ಹಗಲಿನಲ್ಲಿ ಭೇಟಿಯಾಗುವುದು ವಾಡಿಕೆ. ಫ್ರಿಜ್, ಮಂಚದಂಥ ಭಾರದ ವಸ್ತುಗಳಿಗೆ ಮಾರುವವರ ಮನೆಗೇ ಹೋಗಬೇಕಾಗುವುದರಿಂದ ಜೊತೆಗೊಬ್ಬರನ್ನು ಕರೆದೊಯ್ಯುವುದು ಸೂಕ್ತ.

ದೂರು ಮತ್ತು ಪರಿಹಾರ

ಹಣ ಕಳೆದುಕೊಂಡವರು 1930 ಸಹಾಯವಾಣಿಗೆ ಕರೆ ಮಾಡಬಹುದು ಅಥವಾ ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸಬಹುದು. ದೂರಿನೊಂದಿಗೆ ನೀಡಿದ ವಹಿವಾಟಿನ ಸಂಖ್ಯೆಯ ಆಧಾರದ ಮೇಲೆ, ಹಣ ತಲುಪಿದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗಿ ಅಲ್ಲಿ ಉಳಿದಿರುವ ಮೊತ್ತವನ್ನು ತಡೆಹಿಡಿಯಲಾಗುತ್ತದೆ. ವಂಚಕರು ಹಣವನ್ನು ಕೆಲವೇ ನಿಮಿಷಗಳಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿ ಎಟಿಎಂನಿಂದ ತೆಗೆಯುವುದರಿಂದ, ಮೊದಲ ಒಂದೆರಡು ಗಂಟೆಗಳಲ್ಲಿ ಬಂದ ದೂರಿಗೆ ಫಲ ಸಿಗುವ ಸಂಭವ ಹೆಚ್ಚು. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿ ಸಿಇಎನ್ ಠಾಣೆಗಳಿವೆ. ಘಟನೆ ಯಾವ ಊರಿನ ವ್ಯಾಪ್ತಿಯದೆಂಬ ಕಾರಣಕ್ಕೆ ದೂರನ್ನು ತಿರಸ್ಕರಿಸದಂತೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಲು ಅವಕಾಶ ಕಲ್ಪಿಸಿದೆ. ತಡೆಹಿಡಿದ ಹಣ ದೂರುದಾರರ ಖಾತೆಗೆ ತಾನಾಗಿಯೇ ಮರಳುವುದಿಲ್ಲ; ಅದಕ್ಕೆ ಹಲವು ಸಂದರ್ಭಗಳಲ್ಲಿ ನ್ಯಾಯಾಲಯದ ಆದೇಶ ಪಡೆಯಬೇಕಾಗುತ್ತದೆ.