ಮೇಘನಾ ದಾಟಿದ ಹೆಲಿಕಾಪ್ಟರ್ ಮನೆಯ ಮೇಜಿನ ಮೇಲೆ: ಯುದ್ಧದ ಡಯೋರಮಾ ಕಟ್ಟೋದು ಹೇಗೆ?

ಕೊಡಗಿನಲ್ಲಿ ಸೈನ್ಯದಲ್ಲಿದ್ದವರ ಫೋಟೊ ಗೋಡೆಯ ಮೇಲಿಲ್ಲದ ಮನೆ ಹುಡುಕೋದು ಕಷ್ಟ. ಫೋಟೊ ಇರುತ್ತದೆ, ಕೆಲವು ಕಡೆ ಪದಕವೂ ಇರುತ್ತದೆ. ಆದರೆ ಅಜ್ಜ ನಿಂತಿದ್ದ ನೆಲ ಹೇಗಿತ್ತು, ಹೆಲಿಕಾಪ್ಟರ್ ಎಷ್ಟು ದೊಡ್ಡದಿತ್ತು, ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ಎಷ್ಟು ಚಿಕ್ಕದಾಗಿ ಕಾಣುತ್ತಿದ್ದ ಎಂಬುದು ಮೊಮ್ಮಕ್ಕಳಿಗೆ ಫೋಟೊ ನೋಡಿ ಗೊತ್ತಾಗುವುದಿಲ್ಲ. ಅದನ್ನು ತೋರಿಸುವ ಒಂದು ದಾರಿ ಡಯೋರಮಾ. ಅಂದರೆ ನೆಲ, ಗಿಡ, ವಾಹನ, ಜನ ಎಲ್ಲವನ್ನೂ ಒಂದೇ ಅಳತೆಯಲ್ಲಿ ಕುಗ್ಗಿಸಿ, ಒಂದು ಕ್ಷಣವನ್ನು ಹಲಗೆಯ ಮೇಲೆ ನಿಲ್ಲಿಸುವ ಮಾದರಿ.

ಶಾಲೆಯ ವಸ್ತು ಪ್ರದರ್ಶನಕ್ಕೆ, ಡಿಸೆಂಬರ್ 16ರ ವಿಜಯ ದಿವಸಕ್ಕೆ, ಅಂಗಡಿಯ ಗಾಜಿನ ಶೋಕೇಸ್‌ಗೆ ಇಂಥ ಮಾದರಿ ಚೆನ್ನಾಗಿ ಹೊಂದುತ್ತದೆ. ಕಿಟ್ ಒಂದನ್ನು ಬಿಟ್ಟರೆ ಬೇಕಾಗುವ ಸಾಮಾನಿನಲ್ಲಿ ಹೆಚ್ಚಿನದು ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಮತ್ತು ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 1971ರ ಮೇಘನಾ ನದಿ ಕಾರ್ಯಾಚರಣೆ.

ಏನಾಗಿತ್ತು ಮೇಘನಾದಲ್ಲಿ?

1971ರ ಡಿಸೆಂಬರ್‌ನಲ್ಲಿ ಭಾರತೀಯ ಸೇನೆಯ 4ನೇ ಕೋರ್ ಪೂರ್ವ ದಿಕ್ಕಿನಿಂದ ಢಾಕಾ ಕಡೆಗೆ ಸಾಗುತ್ತಿತ್ತು. ಅದರ ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್. ದಾರಿಗೆ ಅಡ್ಡ ಇದ್ದದ್ದು ಅಗಲವಾದ ಮೇಘನಾ ನದಿ. ಆಶುಗಂಜ್ ಬಳಿಯ ರೈಲ್ವೆ ಸೇತುವೆಯನ್ನು ಪಾಕಿಸ್ತಾನದ ಪಡೆ ಸ್ಫೋಟಿಸಿ ಕೆಡಿಸಿತು. ಆಗ ಸೈನಿಕರನ್ನು ಹೆಲಿಕಾಪ್ಟರ್‌ನಲ್ಲೇ ನದಿ ದಾಟಿಸುವ ತೀರ್ಮಾನವಾಯಿತು. ಡಿಸೆಂಬರ್ 9ರಂದು ವಾಯುಪಡೆಯ ಎಂಐ-4 ಹೆಲಿಕಾಪ್ಟರ್‌ಗಳು ಬ್ರಾಹ್ಮಣಬಾರಿಯಾ ಕಡೆಯಿಂದ 4 ಗಾರ್ಡ್ಸ್ ಪಡೆಯ ಸೈನಿಕರನ್ನು ಹೊತ್ತು, ಆಚೆ ದಡದ ರಾಯ್‌ಪುರಾ ಬಳಿ ಇಳಿಸಿದವು. ಕತ್ತಲಾದ ಮೇಲೂ ಕೆಲಸ ನಿಲ್ಲಲಿಲ್ಲ. ಹೆಲಿಕಾಪ್ಟರ್ ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಅವರಿಗೆ ಮಹಾವೀರ ಚಕ್ರ ಬಂತು. ಇದಾದ ಒಂದು ವಾರಕ್ಕೆ, ಡಿಸೆಂಬರ್ 16ರಂದು, ಢಾಕಾದಲ್ಲಿ ಶರಣಾಗತಿ ಆಯಿತು.

ಮೊದಲ ಕೆಲಸ: ಕ್ಷಣ ಆರಿಸೋದು

ಡಯೋರಮಾ ಕೆಡೋದು ಬಣ್ಣ ಸರಿಯಾಗದೆ ಅಲ್ಲ, ಕ್ಷಣ ಸರಿಯಾಗಿ ಆರಿಸದೆ. ಹೊಸಬರು ಮಾಡುವ ಸಾಮಾನ್ಯ ತಪ್ಪು ಹೀಗಿರುತ್ತದೆ: ಸೈನಿಕರು ಹೆಲಿಕಾಪ್ಟರ್‌ನಿಂದ ಧುಮುಕಿ ಓಡುತ್ತಿದ್ದಾರೆ, ಆದರೆ ಮೇಲಿನ ರೆಕ್ಕೆಗಳು ನಿಂತಿವೆ, ಸುತ್ತಲಿನ ಹುಲ್ಲು ನೆಟ್ಟಗಿದೆ. ಶತ್ರುವಿನ ಜಾಗದಲ್ಲಿ ಜನ ಇಳಿಸುವಾಗ ಯಾರೂ ಎಂಜಿನ್ ಆರಿಸಿ ಕೂರೋದಿಲ್ಲ.

ಹೆಲಿಕಾಪ್ಟರ್ ರೆಕ್ಕೆ ಉದ್ದ, ತೆಳು. ನಿಂತಾಗ ತನ್ನದೇ ಭಾರಕ್ಕೆ ತುದಿ ಕೆಳಗೆ ಜೋಲುತ್ತದೆ. ಜೋರಾಗಿ ತಿರುಗುತ್ತಾ ಭಾರ ಎತ್ತುವಾಗ ತುದಿ ಸ್ವಲ್ಪ ಮೇಲೇಳುತ್ತದೆ. ಜೊತೆಗೆ ಕೆಳಗೆ ನುಗ್ಗುವ ಗಾಳಿ ನೆಲಕ್ಕೆ ಬಡಿದು ಹೊರಗೆ ಹರಿಯುತ್ತದೆ. ಹಾಗಾಗಿ ಹುಲ್ಲು, ಧೂಳು, ಬಟ್ಟೆ ಎಲ್ಲವೂ ಹೆಲಿಕಾಪ್ಟರ್‌ನಿಂದ ಆಚೆಗೆ ಬಾಗಿರಬೇಕು. ಜನ ತಲೆ ತಗ್ಗಿಸಿರಬೇಕು.

ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಬೇಕು.

ಒಂದು, ರಾಯ್‌ಪುರಾದಲ್ಲಿ ಇಳಿಯುವ ಕ್ಷಣ. ನೋಡೋಕೆ ರೋಮಾಂಚನ, ಕಟ್ಟೋಕೆ ಕಷ್ಟ. ತಿರುಗುವ ರೆಕ್ಕೆಯನ್ನು ಪ್ಲಾಸ್ಟಿಕ್‌ನಲ್ಲಿ ತೋರಿಸೋದು ಅನುಭವಿಗಳಿಗೂ ಸುಲಭವಲ್ಲ.

ಎರಡು, ಮೊದಲ ಹಾರಾಟಕ್ಕೆ ಮುನ್ನ ಈಚೆ ದಡದಲ್ಲಿ ಕಾಯುವ ಕ್ಷಣ. ಎಂಜಿನ್ ಇನ್ನೂ ಶುರುವಾಗಿಲ್ಲ, ರೆಕ್ಕೆ ಜೋತಿದೆ. ಒಬ್ಬ ಬೂಟಿನ ಲೇಸ್ ಕಟ್ಟುತ್ತಿದ್ದಾನೆ, ಒಬ್ಬ ರೈಫಲ್ ನೋಡಿಕೊಳ್ಳುತ್ತಿದ್ದಾನೆ, ಇನ್ನೊಬ್ಬ ಸುಮ್ಮನೆ ನದಿಯ ಕಡೆ ನೋಡುತ್ತಿದ್ದಾನೆ. ಗುಂಡಿನ ಸದ್ದಿಲ್ಲ. ಆದರೂ ನೋಡುವವರು ಇದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಮೊದಲ ಸಲ ಕಟ್ಟುವವರಿಗೆ ಇದೇ ಸೂಕ್ತ.

ಅಳತೆ: ಒಂದೇ ಲೆಕ್ಕ, ಎಲ್ಲದಕ್ಕೂ

1/72 ಅಂದರೆ ನಿಜವಾದ ವಸ್ತುವಿನ 72 ಸೆಂ.ಮೀ. ಮಾದರಿಯಲ್ಲಿ 1 ಸೆಂ.ಮೀ. ಎಂಐ-4ರ ಮುಖ್ಯ ರೆಕ್ಕೆಗಳ ಸುತ್ತಿನ ಅಗಲ 21 ಮೀಟರ್. 1/72ರಲ್ಲಿ ಅದು ಸುಮಾರು 29 ಸೆಂ.ಮೀ. ಆಗುತ್ತದೆ. 1/35 ಅಳತೆಯಲ್ಲಿ ಅದೇ 60 ಸೆಂ.ಮೀ., ಅಂದರೆ ಊಟದ ಮೇಜಿನ ಅರ್ಧ ಭಾಗ. ಹಾಬಿ ಬಾಸ್ ಕಂಪನಿ 1/72ರಲ್ಲೂ, ಟ್ರಂಪೆಟರ್ ಕಂಪನಿ 1/35ರಲ್ಲೂ ಎಂಐ-4 ಕಿಟ್ ತಂದಿವೆ. ಮನೆಯಲ್ಲಿಡಲು 1/72 ಸಾಕು.

ಅದೇ ಲೆಕ್ಕದಲ್ಲಿ:

- 1.7 ಮೀಟರ್ ಎತ್ತರದ ಸೈನಿಕ: ಸುಮಾರು 2.4 ಸೆಂ.ಮೀ.
- ಆಗಿನ ಎಸ್‌ಎಲ್‌ಆರ್ ರೈಫಲ್: ಸುಮಾರು 1.6 ಸೆಂ.ಮೀ.
- 30 ಸೆಂ.ಮೀ. ಎತ್ತರದ ಗದ್ದೆ ಬದು: 4 ಮಿ.ಮೀ.
- 15 ಸೆಂ.ಮೀ. ಕೂಳೆ: 2 ಮಿ.ಮೀ.
- 15 ಮೀಟರ್ ತೆಂಗಿನ ಮರ: ಸುಮಾರು 21 ಸೆಂ.ಮೀ.

ಆಟಿಕೆ ಅಂಗಡಿಯ ದೊಡ್ಡ ಗೊಂಬೆಯನ್ನು 'ಹೇಗೋ ಸರಿಹೋಗುತ್ತೆ' ಅಂತ ಪಕ್ಕದಲ್ಲಿ ನಿಲ್ಲಿಸಿದರೆ, ಹೆಲಿಕಾಪ್ಟರ್ ತಕ್ಷಣ ಆಟಿಕೆಯಾಗಿಬಿಡುತ್ತದೆ. ಗೊಂಬೆ, ಮರ, ಬದು ಎಲ್ಲಕ್ಕೂ ಸ್ಕೇಲ್ ಹಿಡಿಯಲೇಬೇಕು.

ಹಲಗೆ ಮತ್ತು ಗದ್ದೆ

29 ಸೆಂ.ಮೀ. ರೆಕ್ಕೆಗೆ ಕನಿಷ್ಠ 40 ಸೆಂ.ಮೀ. ಚೌಕದ ಪ್ಲೈವುಡ್ ಬೇಕು. ಅಂಟಿಸುವ ಮೊದಲು ಅದೇ ಅಳತೆಯ ಹಳೆ ಪೇಪರ್ ಹಾಸಿ, ಹೆಲಿಕಾಪ್ಟರ್ ಮತ್ತು ಗೊಂಬೆಗಳನ್ನು ಇಟ್ಟು ನೋಡುವುದು ಒಳ್ಳೆಯದು. ಹೆಲಿಕಾಪ್ಟರನ್ನು ಹಲಗೆಯ ಅಂಚಿಗೆ ನೇರವಾಗಿ ಇಡದೆ ಸ್ವಲ್ಪ ಓರೆಯಾಗಿಟ್ಟರೆ ನೋಟ ಸಹಜವಾಗುತ್ತದೆ.

ಡಿಸೆಂಬರ್‌ನ ಬಂಗಾಳದ ನೆಲ ಹೇಗಿರುತ್ತದೆ ಎಂಬುದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯ ಅಮನ್ ಭತ್ತದ ಕೊಯ್ಲು ನವೆಂಬರ್-ಡಿಸೆಂಬರ್‌ನಲ್ಲಿ. ನಮ್ಮಲ್ಲೂ ಹುತ್ತರಿ ಕಳೆದ ಮೇಲೆ ಗದ್ದೆ ಕಾಣೋದು ಹಾಗೆಯೇ: ಒಣಹುಲ್ಲಿನ ಬಣ್ಣದ ಕೂಳೆ, ನಡುವೆ ಇನ್ನೂ ತೇವ ಆರದ ಕಂದು ಮಣ್ಣು, ಬದುವಿನ ಮೇಲೆ ಮಾತ್ರ ಹಸಿರು. ಹಲಗೆ ತುಂಬ ಗಾಢ ಹಸಿರು ಬಳಿದರೆ ತಿಂಗಳೇ ತಪ್ಪಿದಂತೆ. ಆದರೆ ಮೇಘನಾ ಸೀಮೆ ಸಮತಟ್ಟು. ಹಿನ್ನೆಲೆಗೆ ಕೊಡಗಿನ ಬೆಟ್ಟ ಬರೆಯಬಾರದು.

ಪ್ಲೈವುಡ್ ಮೇಲೆ ಥರ್ಮಾಕೋಲ್ ಅಂಟಿಸಿ ಬದು ಕೊರೆಯಬಹುದು. ಅದರ ಮೇಲೆ ಪಿಒಪಿ, ಫೆವಿಕಾಲ್, ಜರಡಿ ಹಿಡಿದ ಮರದ ಹೊಟ್ಟು ಕಲಸಿ ತೆಳುವಾಗಿ ಹಚ್ಚಬೇಕು. ಕುದಿಸಿ ಸೋಸಿದ ಚಹಾ ಪುಡಿಯನ್ನು ಚೆನ್ನಾಗಿ ಒಣಗಿಸಿ ಉದುರಿಸಿದರೆ ಮಣ್ಣಿನ ಹೆಂಟೆಯ ಹಾಗೆಯೇ ಕಾಣುತ್ತದೆ. ಕೂಳೆಗೆ ಹಳೆಯ ಪೇಂಟ್ ಬ್ರಷ್‌ನ ಕೂದಲು ಅಥವಾ ತೆಂಗಿನ ನಾರನ್ನು 2 ಮಿ.ಮೀ. ಕತ್ತರಿಸಿ ಸಾಲಾಗಿ ನೆಡಬಹುದು. ಜನ ಓಡಾಡಿದ ಜಾಗದಲ್ಲಿ ಕೂಳೆ ತುಳಿದಂತೆ ಒತ್ತಬೇಕು. ಚಕ್ರದ ಅಚ್ಚನ್ನು ಪಿಒಪಿ ಹಸಿ ಇರುವಾಗಲೇ ಮೂಡಿಸಬೇಕು, ಆಮೇಲೆ ಆಗೋದಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ಥರ್ಮಾಕೋಲ್ ಮೇಲೆ ನೇರವಾಗಿ ಸ್ಪ್ರೇ ಪೇಂಟ್ ಅಥವಾ ಥಿನ್ನರ್ ಬಿದ್ದರೆ ಅದು ಕರಗಿ ಗುಂಡಿ ಬೀಳುತ್ತದೆ. ಮೊದಲು ಪಿಒಪಿ ಪೂರ್ತಿ ಮುಚ್ಚಿರಬೇಕು. ಉಳಿದ ಪಿಒಪಿಯನ್ನು ಸಿಂಕ್‌ಗೆ ಸುರಿಯಬಾರದು. ಪೈಪ್‌ನಲ್ಲೇ ಗಟ್ಟಿಯಾಗುತ್ತದೆ.

ಹೆಲಿಕಾಪ್ಟರ್

ಎಂಐ-4ರ ರೂಪ ವಿಚಿತ್ರ. ಎಂಜಿನ್ ಇರೋದು ಮೂತಿಯಲ್ಲಿ, ಪೈಲಟ್‌ಗಳು ಕೂರೋದು ಅದರ ಮೇಲೆ. ಸುಮಾರು 14 ಸೈನಿಕರು ಹಿಡಿಸುವ ಹೊಟ್ಟೆ, ಹಿಂಭಾಗದಲ್ಲಿ ಚಿಪ್ಪಿನಂತೆ ಎರಡಾಗಿ ತೆರೆಯುವ ಬಾಗಿಲು, ಕೆಳಗೆ ನಾಲ್ಕು ಚಕ್ರ, ಮೇಲೆ ನಾಲ್ಕು ರೆಕ್ಕೆ. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿ ಒಂದನ್ನು ನೋಡಬಹುದು.

ಕಿಟ್‌ನ ತುಂಡುಗಳನ್ನು ಚೌಕಟ್ಟಿನಿಂದ ಕೈಯಲ್ಲಿ ಮುರಿಯದೆ ಕಟರ್‌ನಲ್ಲಿ ಬಿಡಿಸಿ, ಅಂಚನ್ನು ನುಣ್ಣನೆಯ ಎಮರಿ ಪೇಪರ್‌ನಲ್ಲಿ ಉಜ್ಜಬೇಕು. ಎರಡು ಹೋಳು ಸೇರುವ ಸಂದಿಗೆ ಪುಟ್ಟಿ ತುಂಬಿ ಮತ್ತೆ ಉಜ್ಜಬೇಕು. ಬೇಸರದ ಕೆಲಸ, ಆದರೆ ಬಿಟ್ಟರೆ ಬಣ್ಣ ಹಚ್ಚಿದ ಮೇಲೆ ಸಂದಿ ಗೆರೆಯಾಗಿ ಎದ್ದು ಕಾಣುತ್ತದೆ. ಕಿಟಕಿಯ ಪಾರದರ್ಶಕ ತುಂಡಿಗೆ ಫೆವಿಕ್ವಿಕ್ ಬಳಸಬಾರದು. ಅದರ ಆವಿಗೆ ಗಾಜು ಬೆಳ್ಳಗೆ ಮಂಜು ಕಟ್ಟಿದಂತಾಗುತ್ತದೆ. ಅಲ್ಲಿಗೆ ಒಂದು ಹನಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣೋದಿಲ್ಲ.

ರೆಕ್ಕೆಗಳು ಕಿಟ್‌ನಲ್ಲಿ ನೇರವಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ, ಮೆಲ್ಲಗೆ ಬಗ್ಗಿಸಿ, ತಣ್ಣೀರಿಗೆ ಹಾಕಬೇಕು. ನಾಲ್ಕೂ ಒಂದೇ ಪ್ರಮಾಣದಲ್ಲಿ ಜೋಲಬೇಕು.

ಬಣ್ಣ ಮತ್ತು ಗುರುತುಗಳಿಗೆ ಕಿಟ್‌ನ ಡಬ್ಬಿಯ ಚಿತ್ರ ನಂಬುವಂತಿಲ್ಲ. ಹಲವು ಡಬ್ಬಿಗಳಲ್ಲಿ ಬೇರೆ ದೇಶದ ಗುರುತಿನ ಸ್ಟಿಕ್ಕರ್ ಇರುತ್ತದೆ. 1971ರ ಭಾರತೀಯ ವಾಯುಪಡೆಯ ಫೋಟೊ ಮುಂದಿಟ್ಟುಕೊಂಡೇ ಬಣ್ಣ ಹಚ್ಚಬೇಕು. ನಮ್ಮ ವಾಯುಪಡೆಯ ದುಂಡು ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದನ್ನು ತಿರುವುಮುರುವು ಮಾಡುವವರು ಬಹಳ. ಮಿಕ್ಕ ಎಲ್ಲ ಸರಿ ಇದ್ದರೂ ಮಾಜಿ ಸೈನಿಕರ ಕಣ್ಣಿಗೆ ಮೊದಲು ಬೀಳೋದು ಇದೇ.

ಸೈನಿಕರು

1971ರ ಭಾರತೀಯ ಸೈನಿಕರ ಗೊಂಬೆಗಳು ಸುಲಭಕ್ಕೆ ಸಿಗೋದಿಲ್ಲ. ಎರಡನೇ ಮಹಾಯುದ್ಧದ ಬ್ರಿಟಿಷ್ ಸೈನಿಕರ 1/72 ಗೊಂಬೆ ತಂದು, ಹೆಲ್ಮೆಟ್ ಹಾಗೇ ಉಳಿಸಿಕೊಂಡು, ಬಂದೂಕು ಮತ್ತು ಚೀಲಗಳನ್ನು ಬದಲಿಸಿಕೊಳ್ಳಬಹುದು. ಕೈಕಾಲಿನ ಭಂಗಿ ಬದಲಿಸಲು ಎಂ-ಸೀಲ್ ಸಾಕು. ಸಮವಸ್ತ್ರಕ್ಕೆ ಆಲಿವ್ ಹಸಿರು. ಬಣ್ಣವನ್ನು ಡಬ್ಬಿಯಲ್ಲಿದ್ದಂತೆಯೇ ಹಚ್ಚದೆ ಸ್ವಲ್ಪ ತಿಳಿ ಮಾಡಬೇಕು. ಚಿಕ್ಕ ವಸ್ತುವಿನ ಮೇಲೆ ಗಾಢ ಬಣ್ಣ ಇನ್ನೂ ಕಪ್ಪಾಗಿ ಕಾಣುತ್ತದೆ.

ಈ ಗೊಂಬೆಗಳ ಪ್ಲಾಸ್ಟಿಕ್ ಬಹಳ ಸಲ ಮೆದುವಾಗಿರುತ್ತದೆ, ಬಣ್ಣ ಕಿತ್ತು ಬರುತ್ತದೆ. ಮೊದಲು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಪ್ರೈಮರ್ ಕೊಡಬೇಕು. ಬಣ್ಣ ಒಣಗಿದ ಮೇಲೆ ತೆಳು ಕಂದು ನೀರುಬಣ್ಣ ಹರಿಸಿದರೆ ಮಡಿಕೆಗಳಲ್ಲಿ ನೆರಳು ನಿಲ್ಲುತ್ತದೆ. ಕೊನೆಗೆ ಬ್ರಷ್‌ನಲ್ಲಿ ಬಣ್ಣ ಇಲ್ಲವೇ ಇಲ್ಲ ಎನ್ನುವಷ್ಟು ಒರೆಸಿ, ತಿಳಿ ಬಣ್ಣವನ್ನು ಉಬ್ಬಿದ ಭಾಗಗಳಿಗೆ ಮಾತ್ರ ಸವರಬೇಕು. 2.4 ಸೆಂ.ಮೀ. ಗೊಂಬೆಗೆ ಕಣ್ಣುಗುಡ್ಡೆ ಬರೆಯುವ ಹಟ ಬೇಡ. ಹೆಲ್ಮೆಟ್ ಅಂಚಿನ ನೆರಳೇ ಸಾಕು.

ಎಂಟು-ಹತ್ತು ಗೊಂಬೆ ಸಾಕು. ಎಲ್ಲರನ್ನೂ ಒಂದೇ ದೂರದಲ್ಲಿ ನಿಲ್ಲಿಸಿದರೆ ಕವಾಯತು ಮಾಡಿದಂತಿರುತ್ತದೆ. ಇಬ್ಬರು ಹತ್ತಿರ, ಮೂವರು ಬೇರೆ ಕಡೆ, ಒಬ್ಬ ಒಂಟಿ ಎಂಬಂತೆ ಇರಲಿ. ಅಂಟಿಸಿದ ಮೇಲೆ ಬೂಟು, ಚಕ್ರ, ನೆಲ ಮೂರಕ್ಕೂ ಒಂದೇ ಮಣ್ಣಿನ ಬಣ್ಣ ಸ್ವಲ್ಪ ತಾಗಿಸಬೇಕು. ಇಲ್ಲದಿದ್ದರೆ ಗೊಂಬೆ ನೆಲದ ಮೇಲೆ ಇಟ್ಟಂತೆ ಕಾಣುತ್ತದೆಯೇ ಹೊರತು ನಿಂತಂತೆ ಕಾಣೋದಿಲ್ಲ.

ಮಕ್ಕಳು ಮಾಡುವಾಗ ಕಟರ್ ಬ್ಲೇಡ್ ಮತ್ತು ಫೆವಿಕ್ವಿಕ್ ದೊಡ್ಡವರ ಕೈಯಲ್ಲಿರಲಿ. ಥಿನ್ನರ್, ಸ್ಪ್ರೇ ಕೆಲಸ ಕಿಟಕಿ ತೆರೆದ ಕೋಣೆಯಲ್ಲಿ ಅಥವಾ ಜಗಲಿಯಲ್ಲಿ, ಒಲೆ-ದೀಪದಿಂದ ದೂರ ನಡೆಯಲಿ.

ಅಂಗಡಿಯವರಿಗೆ ಒಂದು ಮಾತು

ಶಾಲೆಗಳ ವಸ್ತು ಪ್ರದರ್ಶನದ ದಿನಗಳಲ್ಲಿ ಪೋಷಕರು ಥರ್ಮಾಕೋಲ್ ಮತ್ತು ಸ್ಕೆಚ್ ಪೆನ್ ಬಿಟ್ಟು ಬೇರೇನು ಬೇಕೆಂದು ತಿಳಿಯದೆ ಅಂಗಡಿಗೆ ಬರುತ್ತಾರೆ. ಅಕ್ರಿಲಿಕ್ ಬಣ್ಣ, ಸೊನ್ನೆ ನಂಬರ್ ಬ್ರಷ್, ನುಣ್ಣನೆಯ ಎಮರಿ ಪೇಪರ್, ಸಣ್ಣ ಪ್ಯಾಕೆಟ್ ಪಿಒಪಿ, ಎಂ-ಸೀಲ್ ಒಟ್ಟಿಗೆ ಇಟ್ಟರೆ ಅವರಿಗೂ ಅನುಕೂಲ, ವ್ಯಾಪಾರವೂ ಆಗುತ್ತದೆ. ಧೂಳು ಹಿಡಿದ ಡಯೋರಮಾ ಒರೆಸೋಕೆ ಬರುವುದಿಲ್ಲ. ಹಾಗಾಗಿ ಗಾಜು-ಅಲ್ಯೂಮಿನಿಯಂ ಕೆಲಸದವರಿಂದ ಅಳತೆಗೆ ತಕ್ಕ ಪೆಟ್ಟಿಗೆಯನ್ನು ಮೊದಲೇ ಮಾಡಿಸಿಡಬೇಕು.

ಗಾಜು ಮುಚ್ಚುವ ಮೊದಲು

ಗೊಂಬೆಗಳನ್ನು ಕಾಯಂ ಅಂಟಿಸುವ ಮೊದಲು ಊರಿನ ಒಬ್ಬ ಮಾಜಿ ಸೈನಿಕರನ್ನು ಕರೆದು ತೋರಿಸಬೇಕು. ರೈಫಲ್ ಹಿಡಿದ ರೀತಿ ತಪ್ಪು, ಚೀಲದ ಪಟ್ಟಿ ಹೀಗೆ ಬರೋದಿಲ್ಲ, ಇಷ್ಟು ಹತ್ತಿರ ಯಾರೂ ಗುಂಪಾಗಿ ನಿಲ್ಲೋದಿಲ್ಲ ಎಂಬುದನ್ನು ಅವರು ಒಂದೇ ನೋಟಕ್ಕೆ ಹೇಳುತ್ತಾರೆ. ಪುಸ್ತಕದಲ್ಲಿ ಸಿಗದ್ದು ಅವರಿಂದ ಸಿಗುತ್ತದೆ. ಬಹಳ ಮನೆಗಳಲ್ಲಿ ಹೇಳದೇ ಉಳಿದ ಕತೆ ಹೊರಗೆ ಬರೋದೂ ಇಂಥ ಹೊತ್ತಿನಲ್ಲೇ. ಮಡಿಕೇರಿಯ ಸನ್ನಿಸೈಡ್, ಅಂದರೆ ಜನರಲ್ ತಿಮ್ಮಯ್ಯ ಅವರ ಮನೆ, 2021ರಿಂದ ವಸ್ತು ಸಂಗ್ರಹಾಲಯವಾಗಿದೆ. ಸೈನಿಕ ಜೀವನದ ಪರಿಚಯಕ್ಕೆ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಬಹುದು.

ಕೊನೆಯದಾಗಿ, ಹಲಗೆಯ ಅಂಚಿಗೆ ಚಿಕ್ಕ ಚೀಟಿ: ಜಾಗ, ದಿನಾಂಕ, ಹೆಲಿಕಾಪ್ಟರ್‌ನ ಹೆಸರು, ಅಳತೆ. ಜೊತೆಗೆ ಗೊಂಬೆಗಳ ಭಂಗಿ ಕಲ್ಪನೆಯದು ಎಂದೂ ಬರೆಯಬೇಕು. ಅಂದು ಆ ಹೆಲಿಕಾಪ್ಟರ್ ಹತ್ತಿದವರು ನಿಜವಾದ ಮನುಷ್ಯರು. ಅವರಲ್ಲಿ ಕೆಲವರು ಇಂದಿಗೂ ಯಾವುದೋ ಊರಿನಲ್ಲಿ ಪಿಂಚಣಿ ಪಡೆಯುತ್ತಾ ಇರಬಹುದು. ಅವರೇ ಬಂದು ಈ ಹಲಗೆಯ ಮುಂದೆ ನಿಂತರೆ, 'ಹೌದು, ಹೀಗೇ ಇತ್ತು' ಅನ್ನುವಂತಿರಬೇಕು.