ಒಂದೇ ಚಿಪ್, 752 ಪಟ್ಟು ವ್ಯತ್ಯಾಸ!

ಮೊಬೈಲಿನಲ್ಲಿ ‘ಅಂದೋಲಾ’ ಎಂದು ಟೈಪ್ ಮಾಡಿ. ಜೇವರ್ಗಿ ತಾಲ್ಲೂಕಿನ ಈ ಊರಿನ ಹೆಸರು ಯೂನಿಕೋಡ್ ಲೆಕ್ಕದಲ್ಲಿ 18 ಬೈಟ್ ತೂಗುತ್ತದೆ. 1975ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಲ್ಟೇರ್ 8800 ಎಂಬ ಮನೆ ಕಂಪ್ಯೂಟರಿನ ಮೂಲ ಮೆಮೊರಿ 256 ಬೈಟ್. ಇಡೀ ಕಂಪ್ಯೂಟರಿನಲ್ಲಿ ಅಂದೋಲಾ ಎಂದು 14 ಸಲ ಬರೆಯಬಹುದು, 15ನೇ ಸಲಕ್ಕೆ ಜಾಗವಿಲ್ಲ! ಈ ಪುಟಾಣಿಗೆಂದೇ ಬಿಲ್ ಗೇಟ್ಸ್, ಪಾಲ್ ಅಲೆನ್ ಮತ್ತು ಮಾಂಟಿ ಡೇವಿಡಾಫ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಅಳವಡಿಸಿದರು. ಅದರ ಅತಿ ಚಿಕ್ಕ ಆವೃತ್ತಿಗೂ 4 ಕೆಬಿ ಮೆಮೊರಿ ಬೇಕು. ಯಂತ್ರದಲ್ಲಿ ಇರುವುದರ 16 ಪಟ್ಟು ಜಾಗ ಭಾಷೆಗೇ ಬೇಕು! ಯಾವ ಭಾಷೆ ಕೊಳ್ಳಲಿ ಎಂದು ಯೋಚಿಸುವ ಮೊದಲು ಅದನ್ನು ಇಡುವುದೆಲ್ಲಿ ಎಂದು ಯೋಚಿಸಬೇಕಿದ್ದ ಕಾಲವದು.

1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಝಡ್ಎಕ್ಸ್81 ಕಂಪ್ಯೂಟರಿನ ಮೆಮೊರಿ 1 ಕೆಬಿ, ಎಂದರೆ 56 ಅಂದೋಲಾ. ಅದಕ್ಕೆ ಡೇವಿಡ್ ಹಾರ್ನ್ ಎಂಬ ಭೂಪ ಚದುರಂಗದ ಪ್ರೋಗ್ರಾಂ ಬರೆದ. ಅದರ ಗಾತ್ರ 672 ಬೈಟ್. ಊರಿನ ಹೆಸರು 37 ಸಲ ಬರೆಯುವಷ್ಟು ಜಾಗದಲ್ಲಿ ರಾಜ, ಮಂತ್ರಿ, ಆನೆ, ಕುದುರೆ, ಎದುರಾಳಿಯ ಬುದ್ಧಿ ಎಲ್ಲವೂ ಕುಳಿತಿದ್ದವು! ಬೇಸಿಕ್ ಅಲ್ಲ, ಪಾಸ್ಕಲ್ ಅಲ್ಲ, ನೇರವಾಗಿ ಚಿಪ್‌ನ ಭಾಷೆಯಲ್ಲೇ ಬರೆದ ಫಲ ಅದು.

ನಮ್ಮ ದೇಶದ ಶಾಲೆಗಳಿಗೆ ಇಂಥ ಕಂಪ್ಯೂಟರು ಬಂದದ್ದು 1984-85ರ ‘ಕ್ಲಾಸ್’ ಯೋಜನೆಯಲ್ಲಿ. ಯಂತ್ರ ಬ್ರಿಟನ್ನಿನ ಬಿಬಿಸಿ ಮೈಕ್ರೋ. ಶಾಲೆಗಳ ಸಂಖ್ಯೆ ಮೊದಲಿಗೆ ಸುಮಾರು 250. ಆಗ ದೇಶದ ಜನಸಂಖ್ಯೆ 68 ಕೋಟಿಗೂ ಹೆಚ್ಚು. ಭಾಗಿಸಿ ನೋಡಿ: 27 ಲಕ್ಷ ಜನಕ್ಕೆ ಒಂದು ಶಾಲೆ! ಯಾದಗಿರಿಯೂ ಸೇರಿದ್ದ ಅಂದಿನ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 20 ಲಕ್ಷದ ಆಸುಪಾಸು. ತಲಾವಾರು ಹಂಚಿದ್ದರೆ ಆಳಂದ, ಅಫಜಲಪುರ, ಜೇವರ್ಗಿ, ಸೇಡಂ, ಚಿಂಚೋಳಿ, ಸುರಪುರ ಎಲ್ಲ ಸೇರಿ ಜಿಲ್ಲೆಯ ಪಾಲಿಗೆ ಬರುತ್ತಿದ್ದುದು ಮುಕ್ಕಾಲು ಶಾಲೆ.

ಆ ಬಿಬಿಸಿ ಮೈಕ್ರೋದ ಮೆಮೊರಿ 32 ಕೆಬಿ. ಆಲ್ಟೇರ್‌ಗಿಂತ 128 ಪಟ್ಟು, ಭರ್ಜರಿಯೇ! ಆದರೆ ಸ್ಪಷ್ಟ ಚಿತ್ರದ ‘ಮೋಡ್ 0’ ಪರದೆ ಹಚ್ಚಿದರೆ ಅದೊಂದೇ 20 ಕೆಬಿ ನುಂಗುತ್ತದೆ. ಉಳಿದದ್ದು 12. ಫ್ಲಾಪಿ ಡಿಸ್ಕ್ ಜೋಡಿಸಿದ್ದರೆ ಆರೂಕಾಲು ಕೆಬಿ ಯಂತ್ರದ ಮನೆಖರ್ಚಿಗೆ ಹೋಯಿತು. ಕೊನೆಗೆ ನಿಮ್ಮ ಕೈಗೆ ಸಿಗುವುದು 5.75 ಕೆಬಿ. ಕನ್ನಡದ ಲೆಕ್ಕದಲ್ಲಿ 2,000 ಅಕ್ಷರ-ಚಿಹ್ನೆ ಕೂಡ ಹಿಡಿಸದ ಜಾಗ! ಇಷ್ಟರಲ್ಲಿ ನಿಮ್ಮ ಪ್ರೋಗ್ರಾಂ ಇರಬೇಕು, ಅದರ ಲೆಕ್ಕಾಚಾರ ಇರಬೇಕು. ಪ್ರೋಗ್ರಾಮನ್ನು ಚಿಪ್‌ನ ಭಾಷೆಗೆ ಅನುವಾದಿಸುವ ಕಂಪೈಲರೂ ಇರಬೇಕೆಂದರೆ ಜಾಗ ಎಲ್ಲಿಂದ ತರುವುದು?

ಅದಕ್ಕೇ ಭಾಷೆಯನ್ನು ಚಿಪ್‌ನಲ್ಲಿ ತುಂಬಿ ಮಾರುತ್ತಿದ್ದರು. ಮುಚ್ಚಳ ಬಿಚ್ಚಿ, 28 ಕಾಲಿನ ಚಿಪ್ಪನ್ನು ಒಂದು ಕಾಲೂ ಮಡಚದಂತೆ ಸಾಕೆಟ್ಟಿಗೆ ಒತ್ತಿ ಕೂರಿಸಿದರೆ ಯಂತ್ರಕ್ಕೆ ಹೊಸ ಭಾಷೆ ಬಂದಂತೆ! ಇಂಥ ಸಾಕೆಟ್ಟುಗಳು ನಾಲ್ಕೇ ನಾಲ್ಕು. ಸೋಫಿ ವಿಲ್ಸನ್ ಬರೆದ ಬೇಸಿಕ್ ಒಂದರಲ್ಲಿ, ಅದೂ ಬರೀ 16 ಕೆಬಿಯಲ್ಲಿ. ನೀವು ಓದುತ್ತಿರುವ ಈ ಲೇಖನವೇ 16 ಕೆಬಿಯಲ್ಲಿ ಹಿಡಿಸುವುದಿಲ್ಲ, ಅಷ್ಟರಲ್ಲಿ ಒಂದಿಡೀ ಕಂಪ್ಯೂಟರ್ ಭಾಷೆ! ಡಿಸ್ಕಿನ ಚಿಪ್ ಇನ್ನೊಂದು ಸಾಕೆಟ್ ಹಿಡಿದರೆ ಉಳಿದದ್ದು ಎರಡು. ಏಕಾರ್ನ್‌ಸಾಫ್ಟ್‌ನ ಪಾಸ್ಕಲ್ ಕಂಪೈಲರಿಗೆ ಬೇಕಾದದ್ದೂ ಎರಡು. ಒಟ್ಟು 56 ಕಾಲು! ಪಾಸ್ಕಲ್ ಕೂತಿತೆಂದರೆ ಲಿಸ್ಪ್, ಫೋರ್ತ್, ಬಿಸಿಪಿಎಲ್ ಎಲ್ಲ ಹೊರಗೇ ನಿಲ್ಲಬೇಕು.

ಇಷ್ಟೆಲ್ಲ ಒದ್ದಾಟ ಏಕೆ, ಇದ್ದ ಬೇಸಿಕ್ಕೇ ಸಾಕಲ್ಲವೇ ಎನ್ನುವವರು 1981ರ ಸೆಪ್ಟೆಂಬರ್ ತಿಂಗಳ ‘ಬೈಟ್’ ಪತ್ರಿಕೆಯ ಅಂಕಿಗಳನ್ನು ನೋಡಬೇಕು. ಜಿಮ್ ಗಿಲ್‌ಬ್ರೆತ್ ಎಂಬವ ಅದರಲ್ಲಿ ಎಲ್ಲ ಭಾಷೆಗಳಿಗೂ ಒಂದೇ ಕೆಲಸ ಕೊಟ್ಟ: 1,899 ಅವಿಭಾಜ್ಯ ಸಂಖ್ಯೆಗಳನ್ನು ಹುಡುಕು, ಹುಡುಕಿದ್ದನ್ನೇ 10 ಸಲ ಹುಡುಕು. ಝಡ್80 ಚಿಪ್‌ನ ಮೇಲೆ ಮೈಕ್ರೋಸಾಫ್ಟ್‌ನ ಸಾದಾ ಬೇಸಿಕ್ ತೆಗೆದುಕೊಂಡದ್ದು 1,920 ಸೆಕೆಂಡ್. ಬರೋಬ್ಬರಿ 32 ನಿಮಿಷ! ಅದೇ ಕಂಪನಿಯ ಬೇಸಿಕ್ ಕಂಪೈಲರ್ ತೆಗೆದುಕೊಂಡದ್ದು 18.6 ಸೆಕೆಂಡ್. ಭಾಷೆಯೂ ಬೇಸಿಕ್ಕೇ, ಚಿಪ್ಪೂ ಝಡ್80ಯೇ, ವೇಗ ಮಾತ್ರ 103 ಪಟ್ಟು!

ಅಲ್ಲಿಗೇ ನಿಲ್ಲಲಿಲ್ಲ. ಡಿಜಿಟಲ್ ರಿಸರ್ಚ್ ಕಂಪನಿಯ ಪಿಎಲ್/1 ಕಂಪೈಲರ್ 14 ಸೆಕೆಂಡಿಗೆ ಮುಗಿಸಿತು. ನೇರವಾಗಿ ಚಿಪ್‌ನ ಭಾಷೆಯಾದ ಅಸೆಂಬ್ಲಿಯಲ್ಲಿ ಬರೆದ ಪ್ರೋಗ್ರಾಂ 6.8 ಸೆಕೆಂಡಿಗೆ ಮುಗಿಸಿತು. ಇನ್ನೊಂದು ತುದಿಯಲ್ಲಿ ಆಪಲ್ ಕಂಪ್ಯೂಟರಿನ ಬೇಸಿಕ್ 2,806 ಸೆಕೆಂಡ್, ಎಂದರೆ 46 ನಿಮಿಷ 46 ಸೆಕೆಂಡ್ ಎಳೆಯಿತು. ಎಲ್ಲರಿಗಿಂತ ಹಿಂದೆ, ಅದೇ ಝಡ್80ಯ ಮೇಲೆ, ಮೈಕ್ರೋಸಾಫ್ಟ್‌ನ ಕೋಬಾಲ್: 5,115 ಸೆಕೆಂಡ್! ಎಂದರೆ ಕಾಸು ಕೊಟ್ಟು ತಂದ ಭಾಷೆ ಸಾದಾ ಬೇಸಿಕ್ಕಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ನಿಧಾನವಾಗಿರಲೂ ಸಾಧ್ಯವಿತ್ತು.

6.8 ಎಲ್ಲಿ, 5,115 ಎಲ್ಲಿ? ಅಂತರ 752 ಪಟ್ಟು! ಕಲಬುರಗಿಯಲ್ಲಿ ಹತ್ತಿದ ಬಸ್ಸು ಒಂದೂವರೆ ತಾಸಿಗೆ ಅಂದೋಲಾ ಮುಟ್ಟುತ್ತದೆ ಎಂದಿಟ್ಟುಕೊಳ್ಳಿ. 752 ಪಟ್ಟು ನಿಧಾನವಾದರೆ ಅದೇ ಬಸ್ಸು ಮುಟ್ಟಲು 1,128 ತಾಸು ಬೇಕು. ಹಗಲು ರಾತ್ರಿ ಎಲ್ಲೂ ನಿಲ್ಲದೆ ಓಡಿದರೂ 47 ದಿನ! ಯುಗಾದಿಗೆ ಊರು ಸೇರಬೇಕೆಂದವರು ಒಂದೂವರೆ ತಿಂಗಳಿಗೂ ಮೊದಲೇ ಟಿಕೆಟ್ ತೆಗೆಯಬೇಕು.

ಈ ಲೋಕಕ್ಕೆ 1983ರ ನವೆಂಬರಿನಲ್ಲಿ ಟರ್ಬೊ ಪಾಸ್ಕಲ್ ಎಂಬ ಕಂಪೈಲರ್ ಬಂತು. ಬೆಲೆ 49.95 ಡಾಲರ್, ಅಂದಿನ ವಿನಿಮಯದಲ್ಲಿ ಸುಮಾರು 500 ರೂಪಾಯಿ. ಬೇರೆ ಕಂಪೈಲರುಗಳು ನೂರಾರು ಡಾಲರ್ ಕೇಳುತ್ತಿದ್ದ ಕಾಲ ಅದು. ಅದರ 3.02 ಆವೃತ್ತಿಯಲ್ಲಿ ಕಂಪೈಲರ್, ಬರೆಯುವ ಎಡಿಟರ್ ಎಲ್ಲ ಸೇರಿದ ಒಂದೇ ಫೈಲಿನ ಗಾತ್ರ 39,731 ಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ 4 ಎಂಬಿಯ ಒಂದು ಫೋಟೋದ ಜಾಗದಲ್ಲಿ ಇಂಥ 100 ಕಂಪೈಲರ್ ಮಲಗಬಹುದು!

ಈ 39,731 ಬೈಟನ್ನು ಬಿಬಿಸಿ ಮೈಕ್ರೋದ ನಿಧಾನಗತಿಯ ಕ್ಯಾಸೆಟ್ಟಿಗೆ ಇಳಿಸಿ ನೋಡೋಣ. ಸೆಕೆಂಡಿಗೆ 300 ಬಿಟ್, ಅಂದರೆ 30 ಬೈಟ್. ಕಿರ್ರ್ ಎಂಬ ಸದ್ದು ಕೇಳುತ್ತ 22 ನಿಮಿಷ ಕೂರಬೇಕು. ಓಡಿದ ಟೇಪಿನ ಉದ್ದ 63 ಮೀಟರ್. ವಿಜಯಪುರದ ಗೋಲಗುಮ್ಮಟದ ನೆತ್ತಿಯಿಂದ ಇಳಿಬಿಟ್ಟರೆ ನೆಲ ಮುಟ್ಟಿ ಇನ್ನೂ 12 ಮೀಟರ್ ಉಳಿಯುತ್ತದೆ! ಅದೇ 4 ಎಂಬಿ ಫೋಟೋವನ್ನು ಹೀಗೇ ತುಂಬಿದರೆ 37 ತಾಸು, ಟೇಪು 6 ಕಿಲೋಮೀಟರಿಗೂ ಉದ್ದ. ಶರ್ಟಿನ ಕಿಸೆಯಲ್ಲಿರುವ 64 ಜಿಬಿ ಪೆನ್‌ಡ್ರೈವನ್ನು ತುಂಬಿಸಿದರೆ? 67 ವರ್ಷ! ಐದು ವರ್ಷದ ಮಗು ‘ಪ್ಲೇ’ ಒತ್ತಿದರೆ ಮುಗಿಯುವಾಗ ಎಪ್ಪತ್ತೆರಡರ ಅಜ್ಜ. ಟೇಪಿನ ಉದ್ದ ಒಂದು ಲಕ್ಷ ಕಿಲೋಮೀಟರಿಗೂ ಹೆಚ್ಚು, ಭೂಮಿಗೆ ಎರಡೂವರೆ ಸುತ್ತು!

ಮೆಮೊರಿಯ ಮಾತಿಗೆ ಬಂದರೆ, 8 ಜಿಬಿಯ ಒಂದು ಮೊಬೈಲಿಗೆ ಸರಿಗಟ್ಟಲು ಬೇಕಾದ ಬಿಬಿಸಿ ಮೈಕ್ರೋಗಳು 2,62,144. 2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ 5 ಲಕ್ಷ ದಾಟಿತ್ತು. ಹೆಚ್ಚುಕಡಿಮೆ ಇಬ್ಬರಿಗೊಂದರಂತೆ ಊರಿಗೆಲ್ಲ ಕಂಪ್ಯೂಟರ್ ಹಂಚಿ, ಎಲ್ಲವನ್ನೂ ಒಟ್ಟು ಮಾಡಿದರೆ ಒಂದು ಮೊಬೈಲ್! ಒಂದೊಂದು ಮೂರೂವರೆ ಕಿಲೋ ಎಂದು ಹಿಡಿದರೂ ರಾಶಿಯ ತೂಕ 900 ಟನ್ನಿಗೂ ಮೇಲೆ. ನಾಲ್ಕೂವರೆ ಟನ್ನಿನ 200 ಆನೆಗಳ ಹಿಂಡು! ದಸರೆಯ ಅಂಬಾರಿ ಆನೆಗೆ ಹೊರಿಸುವುದು 750 ಕಿಲೋ; ಈ ರಾಶಿಯನ್ನು ಹಾಗೇ ಹೊರಿಸಬೇಕೆಂದರೆ 1,200ಕ್ಕೂ ಹೆಚ್ಚು ಆನೆ ಸಾಲುಗಟ್ಟಬೇಕು.

ಇನ್ನು ವೇಗ. ಗಿಲ್‌ಬ್ರೆತ್‌ನ ಅದೇ ಪರೀಕ್ಷೆಯನ್ನು ಇಂದಿನ ಸಿ ಕಂಪೈಲರಿಗೆ ಕೊಟ್ಟು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ಆ ಕೋಬಾಲ್‌ಗಿಂತ ಕನಿಷ್ಠ 51 ಲಕ್ಷ ಪಟ್ಟು! ಅಂದೋಲಾ ಬಸ್ಸಿಗೆ ಈ ಲೆಕ್ಕ ಹಚ್ಚಿ. ಒಂದೂವರೆ ತಾಸಿನ ದಾರಿಗೆ ಹಿಡಿಯುವುದು 875 ವರ್ಷ. ಇಂದು ಅಂದೋಲಾದಲ್ಲಿ ಇಳಿಯಬೇಕಾದವರು 12ನೇ ಶತಮಾನದ ನಡುವೆ, ಬಸವಣ್ಣನವರ ಕಾಲದಲ್ಲಿ ಬಸ್ಸು ಹತ್ತಿರಬೇಕು!

ಯಂತ್ರಗಳು ಹೀಗೆ ಲಕ್ಷ ಪಟ್ಟು ಬೆಳೆದ ಮೇಲೆ ಭಾಷೆಯ ಆಯ್ಕೆಗೆ ಬೆಲೆಯೇನು ಎನ್ನುತ್ತೀರಾ? ಇಲ್ಲೊಂದು ಉದಾಹರಣೆ ನೋಡಿ. ಟರ್ಬೊ ಪಾಸ್ಕಲ್ ಬರೆದವನು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್. ಅದಕ್ಕೂ ಮುಂಚೆ ನ್ಯಾಸ್ಕಾಂ ಎಂಬ ಮನೆ ಕಂಪ್ಯೂಟರಿಗೆ ಅವನು ಬರೆದ ಪಾಸ್ಕಲ್ ಕಂಪೈಲರಿನ ಗಾತ್ರ 12 ಕೆಬಿ. ಅದೇ ಮನುಷ್ಯ 2025ರ ಮಾರ್ಚಿನಲ್ಲಿ, ಮೈಕ್ರೋಸಾಫ್ಟ್‌ನಲ್ಲಿ, ತನ್ನ ಟೈಪ್‌ಸ್ಕ್ರಿಪ್ಟ್ ಭಾಷೆಯ ಕಂಪೈಲರನ್ನು ‘ಗೋ’ ಭಾಷೆಯಲ್ಲಿ ಮರುಬರೆಯುತ್ತಿರುವುದಾಗಿ ಪ್ರಕಟಿಸಿದ. ಪರೀಕ್ಷೆಗೆ ಕೊಟ್ಟದ್ದು 15 ಲಕ್ಷ ಸಾಲಿನ ಪ್ರೋಗ್ರಾಂ. ಪುಟಕ್ಕೆ 40 ಸಾಲಿನಂತೆ ಅಚ್ಚು ಹಾಕಿಸಿದರೆ 37,500 ಪುಟ, 300 ಪುಟದ 125 ಪುಸ್ತಕ! ಹಳೆಯ ಕಂಪೈಲರ್ ಇದನ್ನು ಪರಿಶೀಲಿಸಲು 77.8 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಹೊಸದು 7.5 ಸೆಕೆಂಡಿಗೆ ಮುಗಿಸಿತು, ಹತ್ತು ಪಟ್ಟಿಗೂ ಮೇಲೆ. ಪ್ರತಿ ಪುಸ್ತಕಕ್ಕೆ ತಗಲಿದ ಸಮಯ ಸೆಕೆಂಡಿನ ನೂರರಲ್ಲಿ ಆರು ಭಾಗ!