ಮೊದಲನೆಯ ಮೋಟಾರು ಸೈಕಲ್ಲಿನ ಆಯ್ಕೆ

ಎತ್ತನ್ನು ಕೊಳ್ಳಲು ಜಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಅದರ ಹಲ್ಲನ್ನು ನೋಡುತ್ತಿದ್ದರು, ಸುಳಿಯನ್ನು ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಕೊಂಬಿಗೆ ಬಳಿದ ಬಣ್ಣವನ್ನು ಕಂಡು ಬೆಲೆ ಕಟ್ಟುತ್ತಿರಲಿಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಎತ್ತಿನ ಜಾತ್ರೆಯನ್ನು ಕಂಡವರು ವಿರಳವಾಗಿರಬಹುದು. ಆದರೆ ಇನ್ನು ಕೆಲವೇ ವರ್ಷಗಳಲ್ಲಿ ನಿಮ್ಮಲ್ಲಿ ಅನೇಕರು, ಹುಡುಗರಂತೆಯೇ ಹುಡುಗಿಯರೂ, ಮೋಟಾರು ಸೈಕಲ್ಲಿನ ಮಾತನ್ನು ಮನೆಯಲ್ಲಿ ಎತ್ತುವವರೇ ಸರಿ. ಆಗ ಹಲ್ಲು ಯಾವುದು, ಕೊಂಬಿನ ಬಣ್ಣ ಯಾವುದು ಎಂಬ ವಿವೇಚನೆ ಬೇಕಾಗುತ್ತದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ತರುಣರ ಮನಸ್ಸನ್ನು ಬಹುಮಟ್ಟಿಗೆ ಸೆಳೆಯುವುದು ಪಂದ್ಯದ ವಾಹನದ ರೂಪವನ್ನು ಹೊತ್ತ ಮೋಟಾರು ಸೈಕಲ್ಲು. ಚೂಪಾದ ಮೂತಿ, ಮುಂದಕ್ಕೆ ಬಾಗಿದ ಮೈ, ಮೇಲೆದ್ದ ಹಿಂಭಾಗ, ಅಗಲವಾದ ಚಕ್ರ. ನಿಂತಲ್ಲಿಯೇ ಓಡುತ್ತಿರುವಂತೆ ಕಾಣುವ ವಾಹನವದು. ಚೆಲುವಾದುದನ್ನು ಮೆಚ್ಚುವುದು ತಪ್ಪಲ್ಲ. ಆ ಆಸೆಯನ್ನು ಹಳಿಯಲು ನಾನು ಹೊರಟಿಲ್ಲ. ಆದರೆ ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಆದುದರಿಂದ ಮೊದಲನೆಯ ವಾಹನದ ಆಯ್ಕೆಯು ಕೇವಲ ಅಭಿರುಚಿಯ ಮಾತಲ್ಲ. ಪ್ರಾಣದ ಮಾತೂ ಹೌದು.

ಈ ರೂಪವು ಎಲ್ಲಿಂದ ಬಂದಿತೆಂಬುದನ್ನು ಮೊದಲು ತಿಳಿಯೋಣ. ವಾಹನವು ಓಡುವಾಗ ಗಾಳಿಯು ಅದನ್ನು ಎದುರಿಸುತ್ತದೆ. ವೇಗವು ಎರಡರಷ್ಟಾದರೆ ಗಾಳಿಯ ಎದುರೊತ್ತು ನಾಲ್ಕರಷ್ಟಾಗುತ್ತದೆ. ವೇಗವು ಮೂರರಷ್ಟಾದರೆ ಒಂಬತ್ತರಷ್ಟಾಗುತ್ತದೆ. ಪಂದ್ಯದ ಸವಾರರು ಈ ಎದುರೊತ್ತನ್ನು ತಗ್ಗಿಸಲು ಎದೆಯನ್ನು ಪೆಟ್ರೋಲ್ ಟ್ಯಾಂಕಿಗೆ ತಗುಲಿಸಿ ಬಾಗಿ ಕುಳಿತರು. ವಾಹನದ ಮುಂಭಾಗಕ್ಕೆ ಕವಚವನ್ನು ತೊಡಿಸಿದರು. ಇದಕ್ಕೆ ಫೇರಿಂಗ್ ಎಂದು ಹೆಸರು. 1950ರ ದಶಕದಲ್ಲಿ ಮುಂದಿನ ಚಕ್ರವನ್ನೂ ಮುಚ್ಚುವಂತಹ ದೊಡ್ಡ ಕವಚಗಳು ಬಂದವು. ಆದರೆ ಅಡ್ಡಗಾಳಿ ಬೀಸಿದಾಗ ಅವು ಹಾಯಿಯಂತೆ ವರ್ತಿಸಿ ಸವಾರನನ್ನು ಅಪಾಯಕ್ಕೊಡ್ಡುತ್ತಿದ್ದುದರಿಂದ 1957ರ ಕೊನೆಯಲ್ಲಿ ಪಂದ್ಯಗಳ ಅಂತರರಾಷ್ಟ್ರೀಯ ಒಕ್ಕೂಟವು ಅವನ್ನು ನಿಷೇಧಿಸಿತು. ಅದೇ ಕಾಲದಲ್ಲಿ ಲಂಡನ್ನಿನ ತರುಣರು ತಮ್ಮ ನಾರ್ಟನ್, ಟ್ರಯಂಫ್ ವಾಹನಗಳ ಹ್ಯಾಂಡಲುಗಳನ್ನು ತಗ್ಗಿಸಿ ಪಂದ್ಯದ ವಾಹನಗಳಂತೆ ಮಾರ್ಪಡಿಸುತ್ತಿದ್ದರು. ಮುಂದೆ 1985ರಲ್ಲಿ ಜಪಾನಿನ ಸುಜುಕಿ ಕಂಪೆನಿಯು ಹೊರತಂದ ಜಿಎಸ್‌ಎಕ್ಸ್-ಆರ್ 750 ಎಂಬ ವಾಹನದ ತರುವಾಯ, ಪಂದ್ಯದ ರೂಪವೇ ಅಂಗಡಿಯಲ್ಲಿ ದೊರೆಯುವುದು ಸಾಮಾನ್ಯವಾಯಿತು.

ನಮ್ಮ ನಾಡಿಗೂ ಮೋಟಾರು ಸೈಕಲ್ಲಿಗೂ ಹಳೆಯ ನಂಟುಂಟು. ಚೆಕೊಸ್ಲೊವಾಕಿಯದ ಜಾವಾ ವಾಹನವನ್ನು 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ತಯಾರಿಸಿತು; ಮುಂದೆ ಅದೇ ಕಾರ್ಖಾನೆಯ ವಾಹನಗಳು ಯೆಜ್ಡಿ ಎಂಬ ಹೆಸರಿನಿಂದ ದೇಶವನ್ನೆಲ್ಲ ಸುತ್ತಿದವು. 1996ರಲ್ಲಿ ಆ ಕಾರ್ಖಾನೆಯು ಮುಚ್ಚಿತು. ಜಾವಾ ವಾಹನಕ್ಕೆ ಕವಚವಿರಲಿಲ್ಲ. ಸವಾರನು ಬೆನ್ನನ್ನು ನೆಟ್ಟಗೆ ನಿಲ್ಲಿಸಿ ಕುಳಿತುಕೊಳ್ಳುತ್ತಿದ್ದನು. 2001ರಲ್ಲಿ ಪುಣೆಯ ಬಜಾಜ್ ಕಂಪೆನಿಯ ಪಲ್ಸರ್, 2003ರಲ್ಲಿ ಹೀರೋ ಹೊಂಡಾ ಕಂಪೆನಿಯ ಕರಿಜ್ಮಾ, 2008ರಲ್ಲಿ ಯಮಹಾ ಕಂಪೆನಿಯ ಆರ್15 ಬಂದ ಮೇಲೆ ಪಂದ್ಯದ ಚಹರೆಯು ನಮ್ಮ ಬೀದಿಗಳಲ್ಲಿ ಹಂತಹಂತವಾಗಿ ಪರಿಚಿತವಾಯಿತು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಗಾಣಬೇಕು. ರೂಪ ಬೇರೆ, ಶಕ್ತಿ ಬೇರೆ. ಪಂದ್ಯದ ಚಹರೆಯುಳ್ಳ ವಾಹನಗಳೆಲ್ಲವೂ ಒಂದೇ ಬಲದವುಗಳಲ್ಲ. ನೂರು ಸಿ.ಸಿ.ಯ ಸಾಮಾನ್ಯ ವಾಹನವೊಂದಕ್ಕೆ ಸುಮಾರು 8 ಅಶ್ವಶಕ್ತಿ, 110 ಕಿಲೋಗ್ರಾಂ ತೂಕ. 155 ಸಿ.ಸಿ.ಯ ಆರ್15ಕ್ಕೆ ಸುಮಾರು 18 ಅಶ್ವಶಕ್ತಿ, 140 ಕಿಲೋಗ್ರಾಂ ತೂಕ. ಅದೇ ಚಹರೆಯ, ಆದರೆ ಮುನ್ನೂರು ಸಿ.ಸಿ.ಯನ್ನು ಮೀರಿದ ವಾಹನಗಳಲ್ಲಿ 40ರ ಆಸುಪಾಸಿನ ಅಶ್ವಶಕ್ತಿಯೂ 170 ಕಿಲೋಗ್ರಾಮಿನಷ್ಟು ತೂಕವೂ ಇರುವುದುಂಟು. ಅರುವತ್ತು ಕಿಲೋಗ್ರಾಂ ತೂಗುವ ಸವಾರನನ್ನು ಕೂರಿಸಿ ಲೆಕ್ಕ ಹಾಕೋಣ. ಪ್ರತಿ ನೂರು ಕಿಲೋಗ್ರಾಮಿಗೆ ಮೊದಲನೆಯದರಲ್ಲಿ ಐದಕ್ಕೂ ಕಡಿಮೆ, ಎರಡನೆಯದರಲ್ಲಿ ಒಂಬತ್ತು, ಮೂರನೆಯದರಲ್ಲಿ ಹದಿನೇಳು ಅಶ್ವಶಕ್ತಿ ಬೀಳುತ್ತದೆ. ಕಲಿಯುವವನ ಕೈ ಬೆದರಿದಾಗ ಬಲಗೈಯ ಹಿಡಿಯು ತನಗರಿವಿಲ್ಲದೆ ತುಸು ತಿರುಗಿಬಿಡುವುದು ಸಹಜ. ಅಷ್ಟೇ ತಿರುವಿಗೆ ಮೊದಲನೆಯ ವಾಹನವು ಗೊಣಗುತ್ತದೆ. ಮೂರನೆಯದು ಮುಂದಿನ ವಾಹನದ ಮೇಲೆಯೇ ನೆಗೆಯಬಹುದು. ಕಲಿಯುವವನಿಗೆ ಬೇಕಾದುದು ತಪ್ಪನ್ನು ಸಹಿಸುವ ಯಂತ್ರ.

ಇನ್ನು ರೂಪದ ಒಂದೊಂದು ಅಂಗವೂ ಸವಾರನಿಂದ ಏನನ್ನು ಬೇಡುತ್ತದೆಯೆಂಬುದನ್ನು ನೋಡೋಣ. ತಗ್ಗಿದ ಹ್ಯಾಂಡಲು ದೇಹದ ಭಾರವನ್ನು ಮಣಿಕಟ್ಟುಗಳ ಮೇಲೆ ಹೊರಿಸುತ್ತದೆ. ವೇಗವಾಗಿ ಓಡುವಾಗ ಎದುರುಗಾಳಿಯು ಎದೆಯನ್ನು ಎತ್ತಿ ಹಿಡಿಯುವುದರಿಂದ ಆ ಭಾರವು ಹಗುರಾಗುತ್ತದೆ. ಆದರೆ ಸಾಯಂಕಾಲ ಕುರ್ಲಾದ ಇಕ್ಕಟ್ಟಿನಲ್ಲಿ ಹತ್ತು ಕಿಲೋಮೀಟರಿನ ವೇಗದಲ್ಲಿ ತೆವಳುವಾಗ ಆ ಸಹಾಯವಿಲ್ಲ. ಹ್ಯಾಂಡಲು ಕವಚಕ್ಕೆ ಸಮೀಪವಾಗಿರುವುದರಿಂದ ಅದು ಎಡಬಲಕ್ಕೆ ತಿರುಗುವುದೂ ಸಾಮಾನ್ಯವಾಗಿ ಕಡಿಮೆ. ಕಿರಿದಾದ ಗಲ್ಲಿಯಲ್ಲಿ ವಾಹನವನ್ನು ತಿರುಗಿಸಲು ಹೆಚ್ಚು ಜಾಗ ಬೇಕಾಗುತ್ತದೆ. ಎತ್ತರದ ಸೀಟು ತಿರುವಿನಲ್ಲಿ ವಾಲಲು ಅನುಕೂಲ. ಆದರೆ ಸಿಗ್ನಲಿನಲ್ಲಿ ನಿಂತಾಗ ಗಿಡ್ಡನೆಯ ಸವಾರನ ಕಾಲು ನೆಲವನ್ನು ಪೂರ್ತಿಯಾಗಿ ಮುಟ್ಟದು. ಹಿಂದಿನ ಸೀಟು ಚಿಕ್ಕದು, ಎತ್ತರದ್ದು. ಸೀರೆಯುಟ್ಟ ತಾಯಿಯು ಅದರ ಮೇಲೆ ಕುಳಿತು ಮಾರುಕಟ್ಟೆಗೆ ಬರುವುದು ಕಷ್ಟವೇ ಸರಿ. ಕವಚವಂತೂ ಪ್ಲಾಸ್ಟಿಕ್ಕಿನದು. ಹೊಸಬನ ವಾಹನವು ನಿಂತಲ್ಲಿಯೇ ಒಮ್ಮೆಯಾದರೂ ಪಕ್ಕಕ್ಕೆ ಮಗುಚುವುದು ತೀರ ಸಾಮಾನ್ಯ. ಕವಚವಿಲ್ಲದ ವಾಹನದಲ್ಲಿ ಅಷ್ಟರಿಂದ ಒಂದು ಲಿವರು ಬಾಗಬಹುದು. ಕವಚವುಳ್ಳದ್ದರಲ್ಲಿ ಬಿರುಕು ಬಿಟ್ಟ ಭಾಗಗಳಿಗಾಗಿ ತಂದೆಯವರ ಜೇಬಿನಿಂದ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ.

ಹಾಗಾದರೆ ಚೆಲುವನ್ನು ಪೂರಾ ತೊರೆಯಬೇಕೆ? ಬೇಕಾಗಿಲ್ಲ. ಯಮಹಾ ಕಂಪೆನಿಯು ಆರ್15ರ 155 ಸಿ.ಸಿ. ಯಂತ್ರವನ್ನೇ ಇಟ್ಟು 2019ರಲ್ಲಿ ಎಂಟಿ-15 ಎಂಬ ಇನ್ನೊಂದು ವಾಹನವನ್ನು ಹೊರತಂದಿತು. ಇದಕ್ಕೆ ಕವಚವಿಲ್ಲ, ಹ್ಯಾಂಡಲು ಅಗಲ ಮತ್ತು ಎತ್ತರ, ಬೆನ್ನು ಹೆಚ್ಚು ನೆಟ್ಟಗಿರುತ್ತದೆ. ಒಂದೇ ಯಂತ್ರವು ಎರಡು ರೂಪಗಳನ್ನು ತಾಳಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ಹೀಗೆ ಕವಚವಿಲ್ಲದಿದ್ದರೂ ಪಂದ್ಯದ ಕಳೆಯುಳ್ಳ 125ರಿಂದ 160 ಸಿ.ಸಿ.ವರೆಗಿನ ವಾಹನಗಳು ಬೇರೆ ಬೇರೆ ಕಂಪೆನಿಗಳಿಂದ ದೊರೆಯುತ್ತವೆ. ಮೊದಲ ಬಾರಿಗೆ ಗೇರು, ಕ್ಲಚ್ಚುಗಳನ್ನು ಕಲಿಯುವವನಿಗೆ ಇಂತಹವೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಅಲ್ಲಿಯೂ ಬಲದ ಅಂಕಿಯನ್ನು ನೋಡಿಕೊಳ್ಳಬೇಕು. ಎಂಟರಿಂದ ಹದಿನೈದು ಅಶ್ವಶಕ್ತಿ ಕಲಿಕೆಗೆ ಧಾರಾಳವಾಗಿ ಸಾಕು.

ಓಡಿಸುವುದಕ್ಕಿಂತ ನಿಲ್ಲಿಸುವುದು ಹಿರಿದಾದ ವಿದ್ಯೆ. ಭೌತಶಾಸ್ತ್ರದ ತರಗತಿಯಲ್ಲಿ ಕಲಿತ ಸೂತ್ರವನ್ನು ಇಲ್ಲಿ ಪ್ರಯೋಗಿಸಿರಿ. ಎದುರಿಗೆ ಮಗುವೊಂದು ಅಡ್ಡ ಬಂದುದನ್ನು ಕಂಡು ಕೈ ಬ್ರೇಕನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆಂದೂ, ಅನಂತರ ವೇಗವು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 5 ಮೀಟರಿನಂತೆ ಇಳಿಯಿತೆಂದೂ ಭಾವಿಸೋಣ. ಗಂಟೆಗೆ 30 ಕಿಲೋಮೀಟರಿನ ವೇಗದಲ್ಲಿದ್ದರೆ ಮೊದಲ ಸೆಕೆಂಡಿನಲ್ಲಿ ಸುಮಾರು 8 ಮೀಟರು, ಬ್ರೇಕು ಹಿಡಿದ ಮೇಲೆ 7 ಮೀಟರು, ಒಟ್ಟು 15 ಮೀಟರು ಸಾಗಿ ವಾಹನವು ನಿಲ್ಲುತ್ತದೆ. 60 ಕಿಲೋಮೀಟರಿನ ವೇಗದಲ್ಲಿದ್ದರೆ 17 ಮತ್ತು 28, ಒಟ್ಟು 45 ಮೀಟರು. ವೇಗವು ಎರಡರಷ್ಟಾದರೆ ನಿಲ್ಲುವ ದೂರವು ಮೂರರಷ್ಟಾಯಿತು. ಈ ಲೆಕ್ಕವು ಒಣ ರಸ್ತೆಯದು. ಜುಲೈ ತಿಂಗಳಿನ ಮಳೆಯಲ್ಲಿ, ರಸ್ತೆಗೆ ಬಳಿದ ಬಿಳಿಯ ಪಟ್ಟೆಯ ಮೇಲೆ, ಗುಂಡಿಯನ್ನು ಮುಚ್ಚಿದ ಕಬ್ಬಿಣದ ಹಲಗೆಯ ಮೇಲೆ ಚಕ್ರದ ಹಿಡಿತವು ಇನ್ನೂ ಕಡಿಮೆಯಾಗಿ ದೂರವು ಇನ್ನೂ ಬೆಳೆಯುತ್ತದೆ.

ಬ್ರೇಕು ಹಿಡಿದಾಗ ಭಾರವು ಮುಂದಿನ ಚಕ್ರದ ಮೇಲೆ ಒರಗುತ್ತದೆ. ಆದುದರಿಂದ ನಿಲ್ಲಿಸುವ ಕಾರ್ಯದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಆದರೆ ಅದನ್ನು ಥಟ್ಟನೆ ಹಿಂಡಿದರೆ ಚಕ್ರವು ಉರುಳುವುದನ್ನು ಬಿಟ್ಟು ಜಾರತೊಡಗುತ್ತದೆ; ಸವಾರನು ಬೀಳುತ್ತಾನೆ. ಹೀಗಾಗದಂತೆ ತಡೆಯುವ ಸಾಧನವೇ ಎ.ಬಿ.ಎಸ್. ಚಕ್ರವು ನಿಂತುಬಿಡುವ ಸೂಚನೆ ಕಂಡೊಡನೆ ಅದು ಬ್ರೇಕಿನ ಒತ್ತಡವನ್ನು ಸಡಿಲಿಸಿ, ಮರುಗಳಿಗೆಯಲ್ಲಿ ಮತ್ತೆ ಬಿಗಿಯುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಬಾರಿ ಹೀಗೆ ಮಾಡುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ 125 ಸಿ.ಸಿ.ಯನ್ನು ಮೀರಿದ ಹೊಸ ದ್ವಿಚಕ್ರ ವಾಹನಗಳಿಗೆ ಇದು ಕಡ್ಡಾಯವಾಗಿದೆ. ಕೆಲವು ವಾಹನಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ ಉಂಟು, ಕೆಲವುಗಳಲ್ಲಿ ಎರಡಕ್ಕೂ ಉಂಟು. ಬಣ್ಣಕ್ಕಾಗಿ ತೆರುವ ಹೆಚ್ಚಿನ ಹಣವನ್ನು ಇದಕ್ಕಾಗಿ ತೆತ್ತರೆ ಸಾರ್ಥಕ. ಹಳೆಯ ವಾಹನವನ್ನು ಕೊಳ್ಳುವವರು ಎ.ಬಿ.ಎಸ್. ಉಂಟೋ ಇಲ್ಲವೋ ಎಂದು ಕೇಳಿ ತಿಳಿಯುವುದನ್ನು ಮರೆಯಬಾರದು.

ಅತಿ ಬಲದ ವಾಹನವನ್ನು ಓಡಿಸಲು ನಮ್ಮ ನಗರದಲ್ಲಿ ಜಾಗವಾದರೂ ಎಲ್ಲಿದೆ? ಬಾಂದ್ರಾ-ವರ್ಲಿ ಸಮುದ್ರ ಸೇತುವೆಯ ಮೇಲೆ ಮೋಟಾರು ಸೈಕಲ್ಲಿಗೆ ಪ್ರವೇಶವಿಲ್ಲ. 2024ರಲ್ಲಿ ತೆರೆದ ಅಟಲ್ ಸೇತುವಿನ ಮೇಲೂ ಇಲ್ಲ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿಯೂ ಇಲ್ಲ. ಊರಿಗೆ ಹೋಗುವ ಆಸೆ ಕೆಲವರಿಗಿರಬಹುದು. ಪನ್ವೇಲಿನಿಂದ ಹೊರಟು ಕೊಂಕಣ, ಗೋವಾ, ಕಾರವಾರ, ಉಡುಪಿಗಳನ್ನು ಹಾದು ಮಂಗಳೂರನ್ನು ಸೇರುವ 66ನೆಯ ರಾಷ್ಟ್ರೀಯ ಹೆದ್ದಾರಿಯು ರಮ್ಯವಾದುದೇ. ಆದರೆ ಆ ದೀರ್ಘ ದಾರಿಯಲ್ಲಿ ಬಾಗಿ ಕುಳಿತವನಿಗೆ ಬೆನ್ನುನೋವೂ ಮಣಿಕಟ್ಟಿನ ನೋವೂ ತಪ್ಪಿದ್ದಲ್ಲ; ದಣಿದ ಸವಾರನ ಗಮನವು ಜಾರುತ್ತದೆ. ವೇಗದ ರುಚಿಯನ್ನು ಕಾಣಲೇಬೇಕೆನ್ನುವವರಿಗೆ ಚೆನ್ನೈಯ ಬಳಿ ಇರುಂಗಾಟುಕೋಟೆಯಲ್ಲಿ ಪಂದ್ಯದ ಪಥವಿದೆ, ಕೊಯಮತ್ತೂರಿನಲ್ಲಿಯೂ ಇದೆ. ಅಲ್ಲಿ ಎದುರಿನಿಂದ ಬಸ್ಸು ಬಾರದು, ಮಗು ಅಡ್ಡ ಬಾರದು.

ಅಂಗಡಿಗೆ ಹೋದಾಗ ಈ ಕೆಲವು ಪರೀಕ್ಷೆಗಳನ್ನು ಮಾಡಿರಿ. ಮೊದಲಿಗೆ, ವಾಹನದ ಮೇಲೆ ಕುಳಿತು ಎರಡೂ ಕಾಲುಗಳನ್ನು ಇಳಿಬಿಡಿರಿ; ಒಂದು ಪಾದವಾದರೂ ಹಿಮ್ಮಡಿಯ ಸಮೇತ ನೆಲವನ್ನು ಮುಟ್ಟಬೇಕು. ಎರಡನೆಯದಾಗಿ, ಯಂತ್ರವನ್ನು ನಡೆಸದೆ ವಾಹನವನ್ನು ಹತ್ತು ಹೆಜ್ಜೆ ಮುಂದಕ್ಕೂ ಹಿಂದಕ್ಕೂ ತಳ್ಳಿ ನೋಡಿರಿ. ಅದರ ತೂಕವು ನಿಮ್ಮ ಅಂಕೆಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಮೂರನೆಯದಾಗಿ, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿರಿ. ಹೆಬ್ಬೆರಳು ಟ್ಯಾಂಕಿಗೆ ತಗುಲಬಾರದು. ನಾಲ್ಕನೆಯದಾಗಿ, ಹತ್ತು ನಿಮಿಷ ಕದಲದೆ ಕುಳಿತಿರಿ. ಅಷ್ಟರಲ್ಲೇ ಮಣಿಕಟ್ಟು ನೋಯುವುದಾದರೆ ಆ ವಾಹನವು ನಿಮ್ಮದಲ್ಲ. ಕಡೆಯದಾಗಿ, ಮನೆಯವರಲ್ಲೊಬ್ಬರನ್ನು ಹಿಂದೆ ಕೂರಿಸಿ ನೋಡಿರಿ. ಹಿಂದೆ ಕೂರುವವರು ಹಿಡಿದುಕೊಳ್ಳಲು ಆಸರೆಯೂ, ಸೀರೆಯು ಚಕ್ರಕ್ಕೆ ಸಿಲುಕದಂತೆ ತಡೆಯೂ ಇರಲಿ.

ಹಣದ ವಿಚಾರವನ್ನೂ ಮರೆಯಬಾರದು. ನಮ್ಮಲ್ಲಿ ಅನೇಕರ ಮನೆಯಲ್ಲಿ ವಾಹನವು ಬರುವುದು ಕಂತಿನ ಮೇಲೆ. ಆ ಕಂತು ಹೊರಡುವುದು ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ದುಡಿದ ಕೈಗಳಿಂದ. ವಾಹನದ ಬೆಲೆಯೊಡನೆ ನೋಂದಣಿ, ವಿಮೆ, ಪೆಟ್ರೋಲು, ದುರಸ್ತಿಗಳ ಖರ್ಚನ್ನೂ ಕೂಡಿಸಿರಿ. ಯಂತ್ರವು 150 ಸಿ.ಸಿ.ಯನ್ನು ದಾಟಿದರೆ ಕಡ್ಡಾಯ ವಿಮೆಯ ದರವೂ ಏರುತ್ತದೆ. ಮೊದಲೇ ಒಂದು ಪಾಲನ್ನು ಹೆಲ್ಮೆಟ್ಟಿಗಾಗಿ ತೆಗೆದಿರಿಸಿರಿ. ಗದ್ದವನ್ನೂ ಮುಚ್ಚುವ, ಐ.ಎಸ್.ಐ. ಮುದ್ರೆಯುಳ್ಳ ಹೆಲ್ಮೆಟ್ಟೇ ಬೇಕು. ಅದರ ಪಟ್ಟಿಯನ್ನು ಬಿಗಿದಿರಲೇಬೇಕು. ಕೈಗವಸು, ಗಟ್ಟಿಯಾದ ಬೂಟುಗಳಿಗೂ ಹಣವುಳಿಯಲಿ. ಇವುಗಳಿಗೆ ಹಣ ಸಾಲದೆಂಬಷ್ಟು ಬೆಲೆಯ ವಾಹನವು ನಮ್ಮ ಯೋಗ್ಯತೆಯನ್ನು ಮೀರಿದ್ದೆಂದೇ ತಿಳಿಯಬೇಕು.

ಕಾನೂನಿನ ಮಾತು ಚಿಕ್ಕದು, ಆದರೆ ಕಟ್ಟುನಿಟ್ಟಾದುದು. ಗೇರಿನ ಮೋಟಾರು ಸೈಕಲ್ಲಿನ ಲೈಸೆನ್ಸಿಗೆ ಹದಿನೆಂಟು ವರ್ಷ ತುಂಬಿರಬೇಕು. ಮೊದಲು ಕಲಿಯುವವರ ಲೈಸೆನ್ಸು. ಅದು ದೊರೆತು ಮೂವತ್ತು ದಿನಗಳಾದ ಮೇಲೆ ಪರೀಕ್ಷೆ. 2019ರ ತಿದ್ದುಪಡಿಯಂತೆ, ವಯಸ್ಸು ತುಂಬದ ಮಕ್ಕಳು ವಾಹನವನ್ನು ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆಮನೆ ಮತ್ತು 25,000 ರೂಪಾಯಿ ದಂಡ. ಓಡಿಸಿದವನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಮಗನ ಅರ್ಧ ಗಂಟೆಯ ಉತ್ಸಾಹಕ್ಕೆ ತಂದೆಯು ಕಟಕಟೆಯನ್ನು ಏರುವಂತಾಗಬಾರದು.

ವಾಹನವು ಮನೆಗೆ ಬಂದ ಮೇಲೂ ಅವಸರ ಸಲ್ಲದು. ಮೊದಲ ಕೆಲವು ವಾರ ರವಿವಾರದ ಮುಂಜಾನೆ, ಅನುಮತಿಯುಳ್ಳ ಬಯಲಿನಲ್ಲಿ, ಬಲ್ಲವರನ್ನು ಪಕ್ಕದಲ್ಲಿರಿಸಿಕೊಂಡು ಅಭ್ಯಾಸ ಮಾಡಿರಿ. ನಿಧಾನವಾಗಿ ನೇರ ಹೋಗುವುದು, ಎಂಟರ ಆಕಾರದಲ್ಲಿ ತಿರುಗುವುದು, ಎರಡೂ ಬ್ರೇಕುಗಳನ್ನು ಸಮನಾಗಿ ಹಿಡಿದು ಗುರುತಿಟ್ಟ ಗೆರೆಯಲ್ಲಿ ನಿಲ್ಲುವುದು. ಇವಿಷ್ಟನ್ನು ಸಾಧಿಸಿದವನು ನಿಜವಾದ ಸವಾರನಾಗುತ್ತಾನೆ. ಚಿಕ್ಕ ಯಂತ್ರದಲ್ಲಿ ವರ್ಷವೆರಡು ವರ್ಷ ಪಳಗಿದ ಮೇಲೆ ದೊಡ್ಡದನ್ನು ಬಯಸುವುದರಲ್ಲಿ ದೋಷವಿಲ್ಲ. ಓದಿನಲ್ಲಿ ಹೇಗೆ ಅಕ್ಷರ, ಕಾಗುಣಿತಗಳ ತರುವಾಯ ಕಾವ್ಯವೋ ಇಲ್ಲಿಯೂ ಹಾಗೆಯೇ.

ವಿದ್ಯಾರ್ಥಿಗಳೇ, ಮೊದಲನೆಯ ಮೋಟಾರು ಸೈಕಲ್ಲನ್ನು ನಿಮ್ಮ ಗುರುವೆಂದು ಭಾವಿಸಿ ಆರಿಸಿಕೊಳ್ಳಿರಿ. ತಪ್ಪನ್ನು ಸೈರಿಸಿ ತಿದ್ದುವ ಗುರುವೇ ಲೇಸು. ಬೀದಿಯಲ್ಲಿ ನೋಡುವವರು ಮೆಚ್ಚುವುದು ಒಂದು ಗಳಿಗೆ. ನೀವು ಹೊತ್ತಿಗೆ ಸರಿಯಾಗಿ ಹಿಂದಿರುಗಿ ಬಾಗಿಲನ್ನು ತಟ್ಟುವುದನ್ನು ಮನೆಯವರು ಪ್ರತಿದಿನವೂ ಕಾಯುತ್ತಿರುತ್ತಾರೆ.